ಜೀಪಿನ ಆಯಿಲ್ ಡಬ್ಬಿಯ ಮೇಲಿನ ಎರಡು ಸಾಲು

ಅಕ್ಕಿ ಕೊಳ್ಳುವಾಗ ನೀವು ಒಂದು ಹಿಡಿ ಕೈಗೆತ್ತಿಕೊಂಡು ನೋಡುತ್ತೀರಿ. ತೆಂಗಿನೆಣ್ಣೆಯನ್ನು ಮೂಸಿ ನೋಡದೆ ಮನೆಗೆ ತರುವುದಿಲ್ಲ. ಆದರೆ ಅದೇ ಮನೆಗೆ ಅನ್ನ ದುಡಿದು ತರುವ ಜೀಪಿನ ಹೊಟ್ಟೆಗೆ ಏನನ್ನು ಸುರಿಯಲಾಗುತ್ತಿದೆ ಎಂದು ಎಂದಾದರೂ ಕೇಳಿದ್ದೀರಾ? 'ಅದು ಗಂಡಸರ ವಿಷಯ, ಗ್ಯಾರೇಜಿನವರಿಗೆ ಗೊತ್ತಿರುತ್ತದೆ' ಎಂಬುದೇ ಹೆಚ್ಚಿನ ಮನೆಗಳ ಉತ್ತರ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಜೀಪೆಂದರೆ ಬರೀ ಶೋಕಿಯ ವಾಹನವಲ್ಲ. ತೋಟಕ್ಕೆ ಆಳುಗಳನ್ನು ಒಯ್ಯುವುದು, ಗೊಬ್ಬರದ ಮೂಟೆ ಹೊರುವುದು, ಮಳೆಗಾಲದಲ್ಲಿ ಬಸ್ಸು ಬಾರದ ಹಾಡಿಯಿಂದ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವುದು ಎಲ್ಲವೂ ಅದರಿಂದಲೇ. ಮಡಿಕೇರಿ ಸಮೀಪದ ಮಾಂದಲಪಟ್ಟಿ ಗುಡ್ಡಕ್ಕೆ ಪ್ರವಾಸಿಗರನ್ನು ಹತ್ತಿಸಿ ಇಳಿಸುವ ಬಾಡಿಗೆಯನ್ನೇ ನಂಬಿದ ಕುಟುಂಬಗಳಿವೆ. ಯಜಮಾನರು ಗಲ್ಫ್‌ನಲ್ಲಿ, ಜೀಪು ಚಾಲಕನ ಕೈಯಲ್ಲಿ, ಲೆಕ್ಕ ಮಾತ್ರ ಮನೆಯಾಕೆಯ ಕೈಯಲ್ಲಿ ಇರುವ ಮನೆಗಳೂ ಇವೆ. ಅಂಥ ಮನೆಗೆ ಒಂದು ದಿನ ಗ್ಯಾರೇಜಿನಿಂದ ಫೋನ್ ಬರುತ್ತದೆ: "ಅಕ್ಕಾ, ಆಯಿಲ್ ಬದಲಿಸಬೇಕು, ಯಾವುದು ಹಾಕಲಿ?" ಆ ಪ್ರಶ್ನೆಗೆ 'ಕಡಿಮೆ ಬೆಲೆಯದ್ದು ಹಾಕಿ' ಎಂದರೂ ತಪ್ಪು, 'ದುಬಾರಿಯದ್ದೇ ಹಾಕಿ' ಎಂದರೂ ತಪ್ಪು. ಸರಿಯಾದ ಉತ್ತರ ಡಬ್ಬಿಯ ಮೇಲಿನ ಎರಡು ಸಾಲುಗಳಲ್ಲಿದೆ. ಅದನ್ನು ಓದಲು ಮೆಕ್ಯಾನಿಕ್ ಆಗಬೇಕಾಗಿಲ್ಲ.

ಆಯಿಲ್ ಬದಲಿಸಲು ಕೆಲವು ಸಾವಿರ ರೂಪಾಯಿ ಸಾಕು. ಇಂಜಿನ್ ಬಿಚ್ಚಿ ಕೆಲಸ ಮಾಡಿಸಲು ಹತ್ತಾರು ಸಾವಿರ ಬೇಕು. ಅದರ ಮೇಲೆ ಜೀಪು ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆಯೂ ಇಲ್ಲ, ಸಾಲದ ಕಂತಿಗೆ ವಿನಾಯಿತಿಯೂ ಇಲ್ಲ. ಆದುದರಿಂದ ಇದು ಮನೆಯ ಬಜೆಟ್ಟಿನ ವಿಷಯವೂ ಹೌದು.

ಆಯಿಲ್ ಮಾಡುವ ಕೆಲಸವೇನು?

ಇಂಜಿನ್ನಿನೊಳಗೆ ಲೋಹ ಲೋಹಕ್ಕೆ ಉಜ್ಜದಂತೆ ನಡುವೆ ತೆಳುವಾದ ಪದರವಾಗಿ ನಿಲ್ಲುವುದು ಆಯಿಲಿನ ಮೊದಲ ಕೆಲಸ. ಜೊತೆಗೆ ಅದು ಬಿಸಿಯನ್ನು ಹೊತ್ತೊಯ್ಯುತ್ತದೆ, ಕೊಳೆಯನ್ನು ತೊಳೆದು ತನ್ನಲ್ಲಿ ಇರಿಸಿಕೊಳ್ಳುತ್ತದೆ, ತುಕ್ಕು ಹಿಡಿಯದಂತೆ ಕಾಯುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಅದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದ ಬಿಸಿಯಿಂದಲೇ ಡೀಸೆಲ್ ಉರಿಯುವಂತೆ ಮಾಡಲಾಗುತ್ತದೆ. ಹೀಗಾಗಿ ಅಲ್ಲಿ ಒತ್ತಡವೂ ಹೆಚ್ಚು, ಮಸಿಯೂ ಹೆಚ್ಚು. ಈ ಮಸಿ ಒಂದೆಡೆ ಗಟ್ಟಿಗಟ್ಟದಂತೆ ತೇಲಿಸಿಡುವ ಶಕ್ತಿ ಡೀಸೆಲ್ ಆಯಿಲಿಗೆ ಇರಲೇಬೇಕು. ಪೆಟ್ರೋಲ್ ಕಾರಿಗೆ ತಂದು ಉಳಿದ ಆಯಿಲನ್ನು ಡೀಸೆಲ್ ಜೀಪಿಗೆ ಸುರಿಯಬಾರದು ಎನ್ನುವುದು ಇದಕ್ಕಾಗಿಯೇ.

ಮೊದಲ ಸಾಲು: ಮಂದವೋ, ತೆಳುವೋ?

ಡಬ್ಬಿಯ ಮುಂಭಾಗದಲ್ಲಿ 15ಡಬ್ಲ್ಯು-40, 5ಡಬ್ಲ್ಯು-30, 20ಡಬ್ಲ್ಯು-50 ಎಂಬಂಥ ಸಂಖ್ಯೆ ಇರುತ್ತದೆ. ಇದು ಆಯಿಲಿನ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದನ್ನು ತಿಳಿಸುತ್ತದೆ. ಎಸ್‌ಎಇ ಎಂಬ ಅಮೆರಿಕದ ಇಂಜಿನಿಯರುಗಳ ಸಂಸ್ಥೆ ಮಾಡಿದ ಅಳತೆಯಿದು.

ನಿಮ್ಮ ಅಡುಗೆಮನೆಯನ್ನೇ ನೋಡಿ. ಡಿಸೆಂಬರಿನ ಚಳಿಯಲ್ಲಿ ತೆಂಗಿನೆಣ್ಣೆ ಶೀಷೆಯಲ್ಲೇ ಹೆಪ್ಪುಗಟ್ಟುತ್ತದೆ. ಒಲೆಯ ಮೇಲಿಟ್ಟರೆ ನೀರಿನಂತೆ ಹರಿಯುತ್ತದೆ. ಇಂಜಿನ್ ಆಯಿಲ್ ಕೂಡಾ ತಣ್ಣಗಿದ್ದಾಗ ಮಂದ, ಬಿಸಿಯಾದಾಗ ತೆಳು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಮೇಲಿನವರೆಗೆ ಏರುವಷ್ಟು ತೆಳುವಾಗಿಯೂ, ಗುಡ್ಡ ಹತ್ತುವಾಗಿನ ಬಿಸಿಯಲ್ಲಿ ಪದರ ಹರಿಯದಷ್ಟು ಮಂದವಾಗಿಯೂ ಅದು ಇರಬೇಕು. ಹಾಗಾಗಿ ಎರಡು ಸಂಖ್ಯೆ.

'ಡಬ್ಲ್ಯು' ಎಂದರೆ ಚಳಿಗಾಲ. ಅದರ ಹಿಂದಿನ ಸಂಖ್ಯೆ ಕಡಿಮೆಯಾದಷ್ಟೂ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. 15ಡಬ್ಲ್ಯು ಆಯಿಲನ್ನು ಇಂಜಿನ್ ತಿರುಗಿಸುವ ಪರೀಕ್ಷೆಗೆ ಒಳಪಡಿಸುವುದು ಮೈನಸ್ 20 ಡಿಗ್ರಿಯಲ್ಲಿ, 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ. ಲಡಾಖಿನ ಚಳಿಗೆ ಈ ವ್ಯತ್ಯಾಸ ದೊಡ್ಡದು. ನಮ್ಮ ಮಲೆನಾಡಿನ ಚಳಿಗೆ 15ಡಬ್ಲ್ಯು ಧಾರಾಳ ಸಾಕು. ಎರಡನೆಯ ಸಂಖ್ಯೆ, ಅಂದರೆ 40 ಅಥವಾ 30, 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಗುರುತು.

'ಮಂದವಾಗಿದ್ದರೆ ಗಟ್ಟಿ, ಇಂಜಿನ್ನಿಗೆ ಒಳ್ಳೆಯದು' ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ಸರಿಯಲ್ಲ. ತೆಳು ಆಯಿಲಿಗೆಂದೇ ರೂಪಿಸಿದ ಹೊಸ ಇಂಜಿನ್ನುಗಳಲ್ಲಿ ಭಾಗಗಳ ನಡುವಿನ ಸಂದು ಬಹಳ ಕಿರಿದು. ಅಲ್ಲಿಗೆ ಮಂದ ಆಯಿಲ್ ಹಾಕಿದರೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಅದು ತಲುಪಬೇಕಾದಲ್ಲಿಗೆ ತಲುಪುವುದು ತಡವಾಗುತ್ತದೆ, ಡೀಸೆಲ್ ಖರ್ಚೂ ಹೆಚ್ಚುತ್ತದೆ. ಹಾಗೆಯೇ ಸವೆದ ಹಳೆಯ ಇಂಜಿನ್ನಿಗೆ ತೀರಾ ತೆಳು ಆಯಿಲ್ ಹಾಕಿದರೆ ಅದು ಸೋರಿ, ಉರಿದು ಬೇಗ ಕಡಿಮೆಯಾಗುತ್ತದೆ.

ಎರಡನೆಯ ಸಾಲು: ಯಾವ ದರ್ಜೆ?

ಡಬ್ಬಿಯ ಮೇಲೆ ಅಥವಾ ಹಿಂಬದಿಯಲ್ಲಿ ಎಪಿಐ ಎಂದು ಬರೆದು ಎರಡು ಅಕ್ಷರಗಳ ಒಂದು ಗುರುತು ಕೊಟ್ಟಿರುತ್ತಾರೆ. ಅದು 'ಎಸ್' ಅಕ್ಷರದಿಂದ ಆರಂಭವಾದರೆ ಪೆಟ್ರೋಲ್ ಇಂಜಿನ್ನಿಗೆ, 'ಸಿ' ಅಕ್ಷರದಿಂದ ಆರಂಭವಾದರೆ ಡೀಸೆಲ್ ಇಂಜಿನ್ನಿಗೆ. ಸಿಎಚ್-4 ದರ್ಜೆ 1998ರಲ್ಲಿ ಬಂತು, ಸಿಐ-4 2002ರಲ್ಲಿ, ಸಿಜೆ-4 2006ರಲ್ಲಿ, ಸಿಕೆ-4 2016ರಲ್ಲಿ. ನಡುವಿನ ಅಕ್ಷರ ಮುಂದೆ ಹೋದಂತೆ ದರ್ಜೆ ಹೊಸದು. ಕೆಲವು ಡಬ್ಬಿಗಳಲ್ಲಿ ಎರಡೂ ಗುರುತುಗಳಿರುತ್ತವೆ, ಅದರಿಂದ ತೊಂದರೆಯಿಲ್ಲ. 'ಎಸ್' ಮಾತ್ರ ಇದ್ದರೆ ಡೀಸೆಲ್ ಜೀಪಿಗೆ ಬೇಡ.

ಇದರೊಂದಿಗೆ ಎಸಿಇಎ ಎಂಬ ಯುರೋಪಿನ ಗುರುತೂ ಇರಬಹುದು. ಹೊಸ ಜೀಪುಗಳಿಗೆ ಇದು ಬಹಳ ಮುಖ್ಯ. ಏಕೆಂದು ನೋಡೋಣ.

ನಿಮ್ಮ ಜೀಪು ಯಾವ ಕಾಲದ್ದು?

ಆರ್‌ಸಿ ತೆಗೆದು ತಯಾರಾದ ವರ್ಷವನ್ನು ನೋಡಿ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಗೆ ಬಂತು. ಅದರಂತೆ ತಯಾರಾದ ಡೀಸೆಲ್ ಜೀಪುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಒಂದು ಜಾಲರಿ ಇರುತ್ತದೆ. ಅದು ಮಸಿಯನ್ನು ಹಿಡಿದಿಟ್ಟು, ಆಗಾಗ ತಾನೇ ಬಿಸಿಯಾಗಿ ಅದನ್ನು ಸುಟ್ಟುಹಾಕುತ್ತದೆ. ಆದರೆ ಆಯಿಲಿನಲ್ಲಿರುವ ಕೆಲವು ರಾಸಾಯನಿಕಗಳು ಉರಿದಾಗ ಬೂದಿಯಾಗುತ್ತವೆ. ಮಸಿಯನ್ನು ಸುಡಬಹುದು, ಬೂದಿಯನ್ನು ಮತ್ತೆ ಸುಡಲಾಗುವುದಿಲ್ಲ. ಅದು ಜಾಲರಿಯಲ್ಲೇ ಕುಳಿತು ದಾರಿ ಮುಚ್ಚುತ್ತದೆ. ಈ ಜಾಲರಿ ಬದಲಿಸುವುದು ದುಬಾರಿ ಕೆಲಸ.

ಆದುದರಿಂದ ಇಂಥ ಜೀಪುಗಳಿಗೆ ಬೂದಿ ಕಡಿಮೆಯಿರುವ ಆಯಿಲೇ ಬೇಕು. ಹಲವು ಬಿಎಸ್-6 ಇಂಜಿನ್ನುಗಳಿಗೆ ಎಸಿಇಎ ಸಿ3ಯಂಥ ದರ್ಜೆಯನ್ನು ಹೇಳಿರುತ್ತಾರೆ, ಅದರಲ್ಲಿ ಬೂದಿಯ ಅಂಶ ಶೇಕಡಾ 0.8ನ್ನು ಮೀರುವಂತಿಲ್ಲ. ಸಿಕೆ-4 ಹೊಸ ದರ್ಜೆಯಾದರೂ ಅದರಲ್ಲಿ ಬೂದಿಯ ಮಿತಿ ಶೇಕಡಾ 1. 'ಇದು ಇನ್ನೂ ಒಳ್ಳೆಯದು' ಎಂದು ಯಾರಾದರೂ ಸಿ3ಯ ಬದಲಿಗೆ ಸಿಕೆ-4 ಕೊಟ್ಟರೆ ಒಪ್ಪಬೇಡಿ.

ಜಾಲರಿಯಿಲ್ಲದ ಹಳೆಯ ಜೀಪುಗಳ ಮಾತು ಬೇರೆ. ತೋಟಗಳಲ್ಲಿ ಇಂದಿಗೂ ಓಡುವ ಹಳೆಯ ಮಹೀಂದ್ರಾ ಜೀಪುಗಳ ಸರಳ ಇಂಜಿನ್ನುಗಳಿಗೆ 15ಡಬ್ಲ್ಯು-40, ಸಿಐ-4 ಅಥವಾ ಅದಕ್ಕಿಂತ ಹೊಸ ದರ್ಜೆಯ ಸಾಧಾರಣ ಮಿನರಲ್ ಆಯಿಲ್ ಸಾಮಾನ್ಯವಾಗಿ ಸಾಕು. ದುಬಾರಿ ಸಿಂಥೆಟಿಕ್ ಆಯಿಲ್ ಬಿಸಿಯನ್ನು ಹೆಚ್ಚು ತಾಳಿಕೊಳ್ಳುತ್ತದೆ, ಹೆಚ್ಚು ದಿನ ಬಾಳುತ್ತದೆ ಎಂಬುದು ನಿಜ. ಆದರೆ ಅಲ್ಲಲ್ಲಿ ಸೋರುವ ಹಳೆಯ ಇಂಜಿನ್ನಿಗೆ ಅದನ್ನು ಹಾಕುವುದಕ್ಕಿಂತ, ಸಾಧಾರಣ ಆಯಿಲನ್ನು ತಪ್ಪದೆ ಹೊತ್ತಿಗೆ ಸರಿಯಾಗಿ ಬದಲಿಸುವುದೇ ಲಾಭ.

ಯಾವ ಜೀಪೇ ಆಗಲಿ, ಕೊನೆಯ ಮಾತು ಕಂಪೆನಿ ಕೊಟ್ಟ ಕೈಪಿಡಿಯದ್ದು. ಅದು ಕಳೆದುಹೋಗಿದ್ದರೆ ವಾಹನದ ಮಾಡೆಲ್ ಮತ್ತು ವರ್ಷವನ್ನು ಹೇಳಿ ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ, ಆ ಎರಡು ಸಾಲನ್ನು ಬರೆದಿಟ್ಟುಕೊಳ್ಳಿ.

ಮೀಟರ್ ಹೇಳದ ಲೆಕ್ಕ

ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಬೇಕೆಂದು ಕೈಪಿಡಿಯಲ್ಲಿರುತ್ತದೆ. ಆದರೆ ಗುಡ್ಡದ ಜೀಪಿಗೆ ಮೀಟರಿನ ಲೆಕ್ಕ ಮೋಸ ಮಾಡುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಐದು ಗಂಟೆ ಓಡಿದರೆ ಮೀಟರ್ 300 ತೋರಿಸುತ್ತದೆ. ಕಲ್ಲು ಕೆಸರಿನ ದಾರಿಯಲ್ಲಿ 10 ಕಿಲೋಮೀಟರ್ ವೇಗದಲ್ಲಿ ಐದು ಗಂಟೆ ತೆವಳಿದರೆ ಮೀಟರ್ ತೋರಿಸುವುದು ಬರೀ 50. ಇಂಜಿನ್ ದುಡಿದದ್ದು ಮಾತ್ರ ಅದೇ ಐದು ಗಂಟೆ, ಅದೂ ಫಸ್ಟ್ ಗೇರಿನಲ್ಲಿ, ಪೂರ್ತಿ ಜನ ತುಂಬಿಕೊಂಡು, ರೇಡಿಯೇಟರಿಗೆ ಗಾಳಿ ಸರಿಯಾಗಿ ಸಿಗದೆ. ಬೇಸಿಗೆಯ ಧೂಳು ಮತ್ತೊಂದು ಹೊರೆ.

ಹಲವು ಕೈಪಿಡಿಗಳಲ್ಲಿ 'ಕಠಿಣ ಬಳಕೆ' ಎಂದು ಬೇರೆಯೇ ಪಟ್ಟಿ ಇರುತ್ತದೆ. ಧೂಳು, ಗುಡ್ಡ, ಭಾರ, ನಿಧಾನದ ಓಟ ಇವೆಲ್ಲ ಅದರಲ್ಲಿ ಬರುತ್ತವೆ. ನಮ್ಮ ಜೀಪುಗಳು ಅನುಸರಿಸಬೇಕಾದದ್ದು ಆ ಪಟ್ಟಿಯನ್ನು. ಜೀಪು ಓಡದೆ ನಿಂತಿದ್ದರೂ ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಬೇಕು, ಜೊತೆಗೆ ಆಯಿಲ್ ಫಿಲ್ಟರನ್ನೂ. ಹಳೆಯ ಫಿಲ್ಟರ್ ಉಳಿಸಿಕೊಂಡು ಹೊಸ ಆಯಿಲ್ ಹಾಕುವುದೆಂದರೆ ತೊಳೆಯದ ಪಾತ್ರೆಗೆ ಹಾಲು ಸುರಿದಂತೆ.

ಕಡ್ಡಿ ಹೇಳುವ ಸುದ್ದಿ

ಆಯಿಲ್ ನೋಡುವ ಕಡ್ಡಿಯನ್ನು ಡಿಪ್‌ಸ್ಟಿಕ್ ಎನ್ನುತ್ತಾರೆ. ವಾರಕ್ಕೊಮ್ಮೆ ಜೀಪನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಕಾಯಿರಿ. ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಇಳಿಸಿ, ತೆಗೆದು ನೋಡಿ. ಆಯಿಲ್ ಎರಡು ಗೆರೆಗಳ ನಡುವೆ, ಮೇಲಿನ ಗೆರೆಯ ಹತ್ತಿರ ಇರಬೇಕು. ಜೀಪು ಏರಿನಲ್ಲಿ ವಾಲಿದಾಗ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಮೊದಲೇ ಕಡಿಮೆಯಿದ್ದರೆ ಪಂಪ್ ಆಯಿಲಿನ ಬದಲು ಗಾಳಿಯನ್ನು ಎಳೆಯುತ್ತದೆ. ಇಂಜಿನ್ ಜಾಮ್ ಆಗಲು ಅಷ್ಟು ಸಾಕು. ಹಾಗೆಂದು ಮೇಲಿನ ಗೆರೆ ಮೀರಿ ಸುರಿಯುವುದೂ ಅಪಾಯ, ಆಯಿಲ್ ಕಡೆದು ನೊರೆಯಾಗುತ್ತದೆ.

ಬಣ್ಣವನ್ನೂ ನೋಡಿ. ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾದರೆ ಗಾಬರಿ ಬೇಡ. ಅದು ಮಸಿಯನ್ನು ತೊಳೆಯುತ್ತಿದೆ ಎಂದರ್ಥ. ಆದರೆ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಒಳಗೆ ನೀರು ಸೇರಿದೆ. ಹೊಳೆ ದಾಟಿದ ನಂತರ ಇದನ್ನು ತಪ್ಪದೆ ನೋಡಬೇಕು. ಬೆರಳ ನಡುವೆ ಉಜ್ಜಿದಾಗ ಮರಳಿನಂತೆ ತರಿತರಿಯಾದರೆ ಧೂಳು ಒಳಸೇರಿದೆ, ಏರ್ ಫಿಲ್ಟರ್ ನೋಡಿಸಿ. ಬಿಎಸ್-6 ಜೀಪಿನಲ್ಲಿ ಆಯಿಲ್ ಮಟ್ಟ ತಾನಾಗಿಯೇ ಏರುತ್ತಾ ಹೋಗಿ ಡೀಸೆಲ್ ವಾಸನೆ ಬಂದರೆ ಅದು ಆಯಿಲ್ ಹೆಚ್ಚಾದದ್ದಲ್ಲ, ಅದರಲ್ಲಿ ಡೀಸೆಲ್ ಬೆರೆತದ್ದು. ಜಾಲರಿಯ ಮಸಿ ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ನಿಧಾನದ ಓಟದಲ್ಲಿ ಆ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಹೀಗಾಗುತ್ತದೆ. ನೀರು ಸೇರಿದ್ದರೂ ಡೀಸೆಲ್ ಸೇರಿದ್ದರೂ ಜೀಪನ್ನು ಮತ್ತೆ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಚಾಲಕನಿಗೂ ಒಂದು ಮಾತು ಹೇಳಿಡಿ. ಗುಡ್ಡ ಹತ್ತಿ ನಿಂತ ಕೂಡಲೇ ಇಂಜಿನ್ ಆಫ್ ಮಾಡಬಾರದು. ಟರ್ಬೋ ಇದ್ದರೆ ಅದರ ಅಚ್ಚು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲುದು. ಅದನ್ನು ತಣಿಸುವುದು ಆಯಿಲಿನ ಹರಿವೇ. ಒಂದು ನಿಮಿಷ ಸುಮ್ಮನೆ ಚಾಲೂ ಇಟ್ಟು ನಂತರ ಆಫ್ ಮಾಡಲಿ.

ಕೊಳ್ಳುವಾಗ ಮತ್ತು ಬಿಸಾಡುವಾಗ

ಬಿಡಿಯಾಗಿ ಅಳೆದು ಕೊಡುವ ಆಯಿಲ್ ಕೊಳ್ಳಬೇಡಿ. ಸೀಲ್ ಒಡೆಯದ ಡಬ್ಬಿಯನ್ನೇ ಕೇಳಿ, ಬಿಲ್ ಪಡೆಯಿರಿ, ನಿಮ್ಮ ಅಥವಾ ಚಾಲಕನ ಕಣ್ಣೆದುರೇ ತೆರೆಯಲಿ. ಖಾಲಿ ಡಬ್ಬಿಗೆ ತೂತು ಮಾಡಿ. ಒಳ್ಳೆಯ ಕಂಪೆನಿಯ ಖಾಲಿ ಡಬ್ಬಿಗೆ ಕಳಪೆ ಆಯಿಲ್ ತುಂಬಿ ಮಾರುವವರಿದ್ದಾರೆ.

ಹಳೆಯ ಆಯಿಲನ್ನು ಬೇಲಿ ಕಂಬಕ್ಕೆ ಬಳಿಯುವುದು, ಚರಂಡಿಗೆ ಚೆಲ್ಲುವುದು ನಮ್ಮಲ್ಲಿ ರೂಢಿ. ಕಾನೂನಿನಂತೆ ಅದು ಅಪಾಯಕಾರಿ ತ್ಯಾಜ್ಯ. ಮಳೆ ನೀರಿನೊಂದಿಗೆ ಅದು ಸೇರುವುದು ನಿಮ್ಮದೇ ಬಾವಿಗೆ, ನೆರೆಮನೆಯವರ ಬಾವಿಗೆ. ಅದನ್ನು ಸಂಗ್ರಹಿಸಿ ಒಯ್ಯುವ ವ್ಯವಸ್ಥೆಯಿರುವ ಗ್ಯಾರೇಜಿನಲ್ಲೇ ಬದಲಿಸಿ. ಹಳೆಯ ಆಯಿಲ್ ಚರ್ಮಕ್ಕೆ ಹಾನಿಕರ. ಕಡ್ಡಿ ನೋಡಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ. ಆಯಿಲ್ ಹತ್ತಿದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಸಬೇಡಿ, ಒರೆಸಿದ ಚಿಂದಿಯನ್ನು ಒಲೆಯ ಬಳಿ ಇಡಬೇಡಿ.

ಇಷ್ಟನ್ನು ತಿಳಿದ ಮೇಲೆ ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಜೀಪಿಗೆ ಬಿಡಿ. ಮೇಲ್ಭಾಗದಲ್ಲಿ ಕೈಪಿಡಿ ಹೇಳಿದ ಎರಡು ಸಾಲು: ಸ್ನಿಗ್ಧತೆ ಮತ್ತು ದರ್ಜೆ. ಅದರ ಕೆಳಗೆ ಆಯಿಲ್ ಬದಲಿಸಿದ ದಿನಾಂಕ, ಮೀಟರ್ ಓದು, ಹಾಕಿದ ಲೀಟರ್, ಕೊಟ್ಟ ಹಣ. ಮುಂದಿನ ಬಾರಿ ಗ್ಯಾರೇಜಿನಿಂದ ಫೋನ್ ಬಂದಾಗ ಆ ಪುಟ ತೆರೆದು ಎರಡು ಸಾಲನ್ನು ಓದಿ ಹೇಳಿ, ಡಬ್ಬಿಯ ಫೋಟೋ ಕಳುಹಿಸಲು ತಿಳಿಸಿ, ಎರಡೂ ತಾಳೆಯಾದ ಮೇಲೆಯೇ ಸುರಿಯಲು ಹೇಳಿ.