ಕಾರಿನ ಮಸಿ ಸೋಸುಕ: ದೀಪ ಹತ್ತಿದರೆ ಮೊದಲು ಕೊಳವೆ ನೋಡಿ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರ ಹೋಬಳಿಯ ಹಳ್ಳಿಗಳಲ್ಲಿ ಈಗ ಕೊಟ್ಟಿಗೆಯ ಪಕ್ಕದಲ್ಲೇ ಡೀಸೆಲ್ ಕಾರು ನಿಂತಿರುವುದು ಅಪರೂಪದ ನೋಟವೇನಲ್ಲ. ಬೆಳಿಗ್ಗೆ ಹಾಲಿನ ಡೇರಿಗೆ, ಅಲ್ಲಿಂದ ಜಮೀನಿಗೆ, ಸಂಜೆ ಹ್ಯಾಂಡ್‌ಪೋಸ್ಟಿಗೆ, ಯಾವಾಗಲೋ ಒಮ್ಮೆ ಮಾನಂದವಾಡಿ ರಸ್ತೆ ಹಿಡಿದು ಮೈಸೂರಿಗೆ. ಇದಿಷ್ಟೇ ಅದರ ತಿರುಗಾಟ. ಈ ಬಗೆಯ ತಿರುಗಾಟದ ಕಾರುಗಳಲ್ಲಿ ಒಂದಲ್ಲ ಒಂದು ದಿನ ಮುಂಭಾಗದ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ. ಎಂಜಿನ್ನಿನ ಎಳೆತ ಕುಗ್ಗುತ್ತದೆ. ಗ್ಯಾರೇಜಿಗೆ ಒಯ್ದರೆ ‘ಡಿಪಿಎಫ್ ಹೋಗಿದೆ’ ಎಂಬ ಉತ್ತರ ಬರುತ್ತದೆ.

ಹಂಪಾಪುರದ ಸಮೀಪದಲ್ಲೇ ಇರುವ ನಮ್ಮ ಬಂಧುಗಳೊಬ್ಬರಿಗೆ ಆದದ್ದೂ ಹೀಗೆಯೇ. ತಾಯಿಯವರನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲಿ ದೀಪ ಹತ್ತಿತು. ಆಮೇಲೆ ಕಾರು ಗಂಟೆಗೆ 40 ಕಿಲೋಮೀಟರಿನ ಮೇಲೆ ಓಡಲೊಲ್ಲದು. ಮುಟ್ಟುವ ಹೊತ್ತಿಗೆ ಡಾಕ್ಟರು ರೋಗಿಗಳನ್ನು ನೋಡುವ ಸಮಯ ಮುಗಿದೇ ಹೋಗಿತ್ತು. ಮರುದಿನ ಒಂದು ಗ್ಯಾರೇಜಿನಲ್ಲಿ ಯಂತ್ರ ಜೋಡಿಸಿ ನೋಡಿದಾಗ ಬಂದ ದೋಷಸಂಖ್ಯೆ ಪಿ 2002. ಸೋಸುಕ ತನ್ನ ಕೆಲಸ ಮಾಡುತ್ತಿಲ್ಲ ಎಂಬುದು ಅದರ ಅರ್ಥ. ಒಳಗೆ ಒಡೆದಿರಬೇಕು, ಹೊಸತು ಹಾಕಿಸಿ ಎಂದರು. ಹೇಳಿದ ಬೆಲೆಗೆ ಒಂದು ಜೊತೆ ಒಳ್ಳೆಯ ಎತ್ತು ಬರುತ್ತಿತ್ತು.

ಅವರು ಹಾಕಿಸಲಿಲ್ಲ. ಹಿಂದೆ ಟ್ರ್ಯಾಕ್ಟರುಗಳ ಮೈಕೋ ಪಂಪು, ನಾಜಲ್ಲುಗಳ ಕೆಲಸ ಮಾಡಿ ಪಳಗಿದ್ದ ವಯಸ್ಸಾದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದರು. ಆತ ಕಂಪ್ಯೂಟರನ್ನು ಮುಟ್ಟುವ ಮೊದಲು ತಣ್ಣಗಿದ್ದ ಹೊಗೆ ಕೊಳವೆಯ ಬಾಯಿಯೊಳಗೆ ಬೆರಳಿಗೆ ಸುತ್ತಿದ ಬಿಳಿ ಬಟ್ಟೆಯಿಂದ ಒಂದು ಸುತ್ತು ಒರೆಸಿದರು. ಬಟ್ಟೆಗೆ ಅಂಟಿದ್ದು ಬರೀ ಧೂಳು. ಸೋಸುಕ ಒಡೆದಿದ್ದರೆ ಕಾಡಿಗೆಯಂಥ ಮಸಿ ಬರಬೇಕಿತ್ತಲ್ಲ? ಆಮೇಲೆ ಬಾನೆಟ್ ಎತ್ತಿ, ಸೋಸುಕದಿಂದ ಸೆನ್ಸರಿಗೆ ಹೋಗುವ ರಬ್ಬರ್ ಕೊಳವೆಯನ್ನು ಬೆರಳಿನಲ್ಲಿ ಬಗ್ಗಿಸಿದಾಗ, ಉಕ್ಕಿನ ನಳಿಗೆಗೆ ಕೂರುವ ಕಡೆ ಅಂಗುಲದಷ್ಟು ಉದ್ದ ಸೀಳಿರುವುದು ಕಂಡಿತು. ರಿಪೇರಿಗೆ ತಗುಲಿದ ವೆಚ್ಚ ಕೆಲವು ನೂರು ರೂಪಾಯಿ.

ಎಲ್ಲರ ಕಾರಿನಲ್ಲೂ ಹೀಗೆಯೇ ಅಗ್ಗವಾಗಿ ಮುಗಿಯುತ್ತದೆಂದು ಹೇಳಲಾಗದು. ಆದರೆ ಸೋಸುಕದ ಮೇಲೆ ಹಣ ಸುರಿಯುವ ಮೊದಲು, ಸೋಸುಕದ ಬಗ್ಗೆ ಸಾಕ್ಷಿ ಹೇಳುವ ಸೆನ್ಸರುಗಳನ್ನು ಪರೀಕ್ಷಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಸೋಸುಕವೆಂದರೇನು?

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳಿಗೆಲ್ಲ ಬಿಎಸ್ 6 ಎಂಬ ಹೊಗೆ ನಿಯಮ ಬಂದಿತು. ಡೀಸೆಲ್ಲಿನಲ್ಲಿ ದಶಲಕ್ಷ ಭಾಗಕ್ಕೆ 50 ಭಾಗ ಇರಬಹುದಾಗಿದ್ದ ಗಂಧಕವನ್ನು 10ಕ್ಕೆ ಇಳಿಸಲಾಯಿತು. ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕ ಸಾಮಾನ್ಯವಾಯಿತು. ಹೊರದೇಶಗಳಿಗೆ ಇದು ಹೊಸತಲ್ಲ. ಫ್ರಾನ್ಸಿನ ಪ್ಯೂಜೋ ಕಂಪನಿ 2000ನೇ ಇಸವಿಯಲ್ಲೇ ತನ್ನ 607 ಕಾರಿನಲ್ಲಿ ಅಳವಡಿಸಿತ್ತು.

ಸೋಸುಕವು ಪಿಂಗಾಣಿಯಂಥ ವಸ್ತುವಿನಿಂದ ಮಾಡಿದ ಜೇನುಹುಟ್ಟಿನಂತಿರುತ್ತದೆ. ಒಂದು ರಂಧ್ರದ ಮುಂಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂಬಾಯಿ ಮುಚ್ಚಿರುತ್ತದೆ. ಆದುದರಿಂದ ಹೊಗೆ ಗೋಡೆಯನ್ನು ತೂರಿಕೊಂಡೇ ಹೊರಬರಬೇಕು. ಮಸಿ ಒಳಗೇ ಉಳಿಯುತ್ತದೆ. ಹೀಗೆ ತುಂಬಿದ ಮಸಿಯನ್ನು ಕಾರು ತಾನೇ ಆಗಾಗ ಸುಟ್ಟುಕೊಳ್ಳುತ್ತದೆ. ಕಂಪ್ಯೂಟರು ಸ್ವಲ್ಪ ಹೆಚ್ಚಿನ ಡೀಸೆಲ್ ಬಿಟ್ಟು ಸೋಸುಕದ ಕಾವನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿಸುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದು, ಗಾಡಿ 60 ಕಿಲೋಮೀಟರಿಗೆ ಕಡಿಮೆಯಿಲ್ಲದೆ ಒಂದೇ ಸಮ ಓಡುತ್ತಿದ್ದರೆ ಅನುಕೂಲ. ಡೇರಿಗೂ ಜಮೀನಿಗೂ ಓಡಾಡುವ ಕಾರಿಗೆ ಇಂಥ ಓಟ ಎಲ್ಲಿ ಸಿಕ್ಕೀತು!

ಎಷ್ಟು ಮಸಿ ತುಂಬಿದೆ ಎಂಬುದನ್ನು ಕಂಪ್ಯೂಟರು ಕಣ್ಣಿನಿಂದ ನೋಡುವುದಿಲ್ಲ. ಕಬಿನಿ ನಾಲೆಯ ತೂಬಿಗೆ ಕಸ ಕಟ್ಟಿಕೊಂಡರೆ ಈಚೆ ಬದಿಯಲ್ಲಿ ನೀರು ಏರುತ್ತದೆ, ಆಚೆ ಬದಿಯಲ್ಲಿ ಇಳಿಯುತ್ತದೆ. ಎರಡರ ಅಂತರ ನೋಡಿಯೇ ನೀರಗಂಟಿ ಕಸವೆಷ್ಟಿದೆ ಎಂದು ಹೇಳಬಲ್ಲ. ಇಲ್ಲಿಯೂ ಅಷ್ಟೆ. ಸೋಸುಕದ ಮುಂದಿನಿಂದ ಒಂದು, ಹಿಂದಿನಿಂದ ಒಂದು, ಎರಡು ಸಣ್ಣ ಕೊಳವೆಗಳು ಒತ್ತಡದ ಸೆನ್ಸರಿಗೆ ಬರುತ್ತವೆ. ಅದು ಎರಡೂ ಬದಿಯ ಒತ್ತಡದ ಅಂತರವನ್ನು ಅಳೆದು ವರದಿ ಮಾಡುತ್ತದೆ. ಕೆಲವು ಕಾರುಗಳಲ್ಲಿ ಒಂದೇ ಕೊಳವೆ ಇರುವುದೂ ಉಂಟು. ಇದಲ್ಲದೆ ಹೊಗೆಯ ಕಾವನ್ನು ಅಳೆಯುವ ಸೆನ್ಸರುಗಳು ಬೇರೆ ಇರುತ್ತವೆ. ನೀರಗಂಟಿಯೇ ತಪ್ಪು ಹೇಳಿದರೆ ತೂಬನ್ನು ಅಗೆದು ಪ್ರಯೋಜನವೇನು?

ನಮ್ಮ ಬಂಧುಗಳ ಕಾರಿನಲ್ಲಿ ನಡೆದದ್ದು ಇದೇ. ಮುಂಬದಿಯ ಕೊಳವೆ ಸೀಳಿ ಒತ್ತಡವೆಲ್ಲ ಹೊರಗೆ ಸೋರಿಹೋಗುತ್ತಿತ್ತು. ಸೆನ್ಸರಿಗೆ ಅಂತರವೇ ಕಾಣಲಿಲ್ಲ. ಹೊಗೆಗೆ ತಡೆಯೇ ಇಲ್ಲವೆಂದರೆ ಸೋಸುಕ ಒಡೆದಿರಬೇಕೆಂದು ಕಂಪ್ಯೂಟರು ತೀರ್ಮಾನಿಸಿತು. ಗ್ಯಾರೇಜಿನವರು ಕಂಪ್ಯೂಟರನ್ನು ನಂಬಿದರು.

ಪರೀಕ್ಷಿಸುವ ಬಗೆ

ಮೊದಲು ದೋಷಸಂಖ್ಯೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ‘ಡಿಪಿಎಫ್ ದೋಷ’ ಎಂಬ ಬಾಯಿಮಾತು ಸಾಲದು. ಪಿ 2452ರಿಂದ 2455ರವರೆಗಿನ ಸಂಖ್ಯೆಗಳು ಒತ್ತಡದ ಸೆನ್ಸರಿನ ಕಡೆ ಬೆರಳು ತೋರಿಸುತ್ತವೆ. ಇವುಗಳಲ್ಲಿ 2453 ಎಂದರೆ ಅಳತೆ ನಂಬುವಂತಿಲ್ಲ, 2454 ಎಂದರೆ ವಿದ್ಯುತ್ ಸಂಕೇತ ತೀರ ಕಡಿಮೆ, 2455 ಎಂದರೆ ತೀರ ಹೆಚ್ಚು. ಪಿ 0544, 0545, 0546 ಕಾವಿನ ಸೆನ್ಸರಿನವು. ಪಿ 2463 ಬಂದರೆ ಮಸಿ ಮಿತಿ ಮೀರಿದೆ ಎಂಬ ವರದಿ.

ಅನಂತರ ಯಂತ್ರದಲ್ಲಿ ಒತ್ತಡದ ಅಳತೆಯನ್ನು ಮೂರು ಸಲ ನೋಡಬೇಕು. ಬೀಗ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ನೋಡಿದರೆ ಅಳತೆ ಸೊನ್ನೆ ಅಥವಾ ಅದಕ್ಕೆ ಅಂಟಿಕೊಂಡಂತೆ ಇರಬೇಕು. ಹೊಗೆಯೇ ಇಲ್ಲದಾಗ ಅಂತರ ಎಲ್ಲಿಂದ ಬಂದೀತು? ಆಗಲೂ ಹತ್ತಿಪ್ಪತ್ತು ಮಿಲಿಬಾರ್ ತೋರಿಸಿದರೆ ಸೆನ್ಸರು ಅಥವಾ ಅದರ ತಂತಿ ಸುಳ್ಳು ಹೇಳುತ್ತಿದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಒಳ್ಳೆಯ ಸೋಸುಕದಲ್ಲಿ ಕೆಲವೇ ಮಿಲಿಬಾರ್ ಇರುತ್ತದೆ. ವೇಗ ಕೊಟ್ಟಾಗ ಅಳತೆ ಏರಬೇಕು, ಬಿಟ್ಟಾಗ ಇಳಿಯಬೇಕು. ಎಷ್ಟು ಏರಬೇಕೆಂಬುದು ಕಾರಿನಿಂದ ಕಾರಿಗೆ ಬೇರೆ. ಆಯಾ ಕಾರಿನ ದುರಸ್ತಿ ಪುಸ್ತಕದ ಅಂಕಿಯನ್ನೇ ನೋಡಬೇಕು. ವೇಗ ಕೊಟ್ಟರೂ ಸೊನ್ನೆಯಲ್ಲೇ ಕುಳಿತರೆ ಮುಂಬದಿಯ ಕೊಳವೆ ಸೀಳಿರಬೇಕು, ಕಟ್ಟಿಕೊಂಡಿರಬೇಕು, ಇಲ್ಲವೇ ಸೋಸುಕ ನಿಜವಾಗಿಯೂ ಒಡೆದಿರಬೇಕು. ಸೊನ್ನೆಗಿಂತ ಕೆಳಗಿಳಿದರೆ ಯಾರೋ ಎರಡು ಕೊಳವೆಗಳನ್ನು ಅದಲು ಬದಲು ಮಾಡಿ ಸಿಕ್ಕಿಸಿದ್ದಾರೆಂದು ತಿಳಿಯಬಹುದು.

ಸೆನ್ಸರೋ ಕೊಳವೆಯೋ ಎಂಬ ಅನುಮಾನ ಉಳಿದರೆ ಅದಕ್ಕೂ ಉಪಾಯವಿದೆ. ಎಂಜಿನ್ ತಣ್ಣಗಿರುವಾಗ ಮುಂಬದಿಯ ಕೊಳವೆಯನ್ನು ಸೆನ್ಸರಿನಿಂದ ಕಳಚಿ, ಆ ಮೂತಿಗೆ ಶುಭ್ರವಾದ ಚಿಕ್ಕ ಟ್ಯೂಬು ಸಿಕ್ಕಿಸಿ, ಬೀಗ ತಿರುಗಿಸಿಟ್ಟು ಬಾಯಿಂದ ಮೆಲ್ಲಗೆ ಊದಬೇಕು. ಯಂತ್ರದಲ್ಲಿ ಅಳತೆ ಏರಿದರೆ ಸೆನ್ಸರು ಜೀವಂತವಾಗಿದೆ, ತಪ್ಪು ಕೊಳವೆಯದು. ಪಂಕ್ಚರ್ ಅಂಗಡಿಯ ಗಾಳಿಯನ್ನು ಮಾತ್ರ ಸೆನ್ಸರಿಗೆ ಬಿಡಕೂಡದು, ಒಳಗಿನ ಪೊರೆ ಹರಿದುಹೋಗುತ್ತದೆ. ಉಕ್ಕಿನ ನಳಿಗೆಯಲ್ಲಿ ಮಸಿ ಕಟ್ಟಿದ್ದರೆ ಸೆನ್ಸರನ್ನು ಬೇರ್ಪಡಿಸಿದ ಮೇಲೆಯೇ ತಂತಿ ಹಾಕಿ ಬಿಡಿಸಬೇಕು. ಕೊಳವೆ ಎಲ್ಲಿಯೂ ಜೋತುಬಿದ್ದಿರಬಾರದು. ಹೊಗೆಯ ತೇವ ಅಲ್ಲಿ ನೀರಾಗಿ ನಿಂತು ಅಳತೆಯನ್ನು ಕೆಡಿಸುತ್ತದೆ.

ತಂತಿಗಳ ವಿಷಯ ನಮ್ಮ ಕಡೆ ಮುಖ್ಯವಾದುದು. ರಾಗಿ, ಭತ್ತದ ಚೀಲಗಳ ಪಕ್ಕದಲ್ಲಿ ಕಾರು ನಿಲ್ಲಿಸುವವರು ನಾವು. ಇಲಿ, ಹೆಗ್ಗಣಗಳಿಗೆ ಬೆಚ್ಚಗಿನ ಎಂಜಿನ್ನೆಂದರೆ ಮಾವನ ಮನೆ. ಒತ್ತಡದ ಸೆನ್ಸರಿಗೆ ಸಾಮಾನ್ಯವಾಗಿ ಮೂರು ತಂತಿಗಳಿರುತ್ತವೆ: ಒಂದು 5 ವೋಲ್ಟ್ ತರುವುದು, ಒಂದು ಅರ್ತ್, ಇನ್ನೊಂದು ಸಂಕೇತ ಒಯ್ಯುವುದು. ಪಂಪ್‌ಸೆಟ್ ರಿಪೇರಿಯವರ ಬಳಿ ಇರುವ ಮೀಟರೇ ಸಾಕು. ಎಂಜಿನ್ ನಿಂತಿರುವಾಗ ಸಂಕೇತದ ತಂತಿಯಲ್ಲಿ ಬಹುಪಾಲು ಸೆನ್ಸರುಗಳು ಅರ್ಧದಿಂದ ಒಂದು ವೋಲ್ಟಿನೊಳಗೆ ತೋರಿಸುತ್ತವೆ. 5 ವೋಲ್ಟೇ ಬರುತ್ತಿಲ್ಲವಾದರೆ ಹೊಸ ಸೆನ್ಸರು ತಂದು ಫಲವಿಲ್ಲ; ತಂತಿ ಎಲ್ಲಿ ಕಡಿದಿದೆ ಎಂದು ಹುಡುಕಬೇಕು.

ಕಾವಿನ ಸೆನ್ಸರುಗಳನ್ನು ನೋಡುವುದು ಇನ್ನೂ ಸುಲಭ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗಿನ ಜಾವ ಯಂತ್ರ ಜೋಡಿಸಿದರೆ ಎಲ್ಲವೂ ಹೆಚ್ಚು ಕಡಿಮೆ ಹೊರಗಿನ ಹವೆಯಷ್ಟೇ ಕಾವು ಹೇಳಬೇಕು. ಒಂದು ಮಾತ್ರ ಸಾವಿರ ಡಿಗ್ರಿಯೆಂದೋ ಸೊನ್ನೆಗಿಂತ 40 ಕೆಳಗೆಂದೋ ಹೇಳಿದರೆ ಕಳ್ಳ ಸಿಕ್ಕಂತೆ. ಈ ಕಳ್ಳ ಸಣ್ಣವನಲ್ಲ. ಕಾವು ಎಷ್ಟೆಂದು ಗೊತ್ತಾಗದೆ ಕಂಪ್ಯೂಟರು ಮಸಿ ಸುಡುವ ಕೆಲಸವನ್ನೇ ಕೈಬಿಡುತ್ತದೆ. ಆಗ ಸೋಸುಕ ನಿಜವಾಗಿಯೂ ತುಂಬಿಕೊಳ್ಳುತ್ತದೆ. ಸೋಸುಕ ಬದಲಿಸಿದವರು ಕೆಲವೇ ತಿಂಗಳಲ್ಲಿ ಮತ್ತೆ ಅದೇ ಗ್ಯಾರೇಜಿನ ಮುಂದೆ ನಿಲ್ಲಬೇಕಾಗುವುದು ಇಂಥ ಕಾರಣಗಳಿಂದಲೇ.

ಕೊಳವೆ ಬದಲಿಸುವಾಗ ಕಾವು ಮತ್ತು ಎಣ್ಣೆ ತಡೆಯುವ ಕೊಳವೆಯನ್ನೇ ಕೇಳಿ ಪಡೆಯಿರಿ. ಹನಿ ನೀರಾವರಿಯ ಪೈಪಿನ ತುಂಡು ಸಿಕ್ಕಿಸಿಕೊಂಡು ಓಡಿಸುತ್ತಿದ್ದ ಕಾರನ್ನೂ ಕಂಡಿದ್ದೇನೆ, ಕರಗದೆ ಇನ್ನೇನಾದೀತು? ಸೆನ್ಸರನ್ನೇ ಬದಲಿಸಿದರೆ, ಸೊನ್ನೆ ಯಾವುದೆಂದು ಯಂತ್ರದ ಮೂಲಕ ಕಂಪ್ಯೂಟರಿಗೆ ಕಲಿಸಬೇಕಾಗುವ ಕಾರುಗಳಿವೆ. ಇದನ್ನು ಮರೆತರೆ ದೀಪ ಮತ್ತೆ ಹತ್ತುತ್ತದೆ, ಹೊಸ ಸೆನ್ಸರಿಗೆ ಕೆಟ್ಟ ಹೆಸರು ಬರುತ್ತದೆ.

ಸಾಕ್ಷಿ ನಿಜವಾಗಿದ್ದರೆ

ಸೆನ್ಸರು, ಕೊಳವೆ, ತಂತಿ ಎಲ್ಲವೂ ಸರಿಯಿದ್ದು ಒತ್ತಡ ಮಾತ್ರ ಹೆಚ್ಚಿದ್ದರೆ ಮಸಿ ತುಂಬಿದೆಯೆಂದೇ ಅರ್ಥ. ದೀಪ ಈಗತಾನೇ ಹತ್ತಿದ್ದು, ಎಳೆತ ಕುಗ್ಗಿಲ್ಲವಾದರೆ ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಿಸಿಕೊಂಡು ಮೈಸೂರು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿ. ಡೀಸೆಲ್ ತಳ ಕಂಡಿದ್ದರೆ ಅನೇಕ ಕಾರುಗಳು ಸುಡುವ ಕೆಲಸವನ್ನು ಆರಂಭಿಸುವುದೇ ಇಲ್ಲ. ಎಳೆತ ಕುಗ್ಗಿದ್ದರೆ ಗ್ಯಾರೇಜಿನಲ್ಲಿ ಯಂತ್ರದ ಮೂಲಕ ಸುಡಿಸಬೇಕು. ಸುಡುವುದು ಆಗಾಗ ಅರ್ಧಕ್ಕೆ ನಿಂತ ಕಾರಿನಲ್ಲಿ ಡೀಸೆಲ್ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲು ಮೇಲಿನ ಗೆರೆ ದಾಟಿದ್ದರೆ ಬೆಳೆದಿದೆಯೆಂದು ಸಂತೋಷಪಡದೆ ಕೂಡಲೇ ಬದಲಿಸಿ. ಹಾಕುವ ಆಯಿಲು ಬೂದಿ ಕಡಿಮೆ ಬಿಡುವ ಜಾತಿಯದಾಗಿರಬೇಕು. ಮಸಿ ಸುಟ್ಟುಹೋಗುತ್ತದೆ, ಆಯಿಲಿನ ಬೂದಿ ಸೋಸುಕದಲ್ಲೇ ಉಳಿಯುತ್ತದೆ.

ಸೋಸುಕವನ್ನು ಕತ್ತರಿಸಿ ಖಾಲಿ ಡಬ್ಬಿ ಕೂರಿಸಿಕೊಡುವ ಜನ ಇದ್ದಾರೆ. ನಾನಂತೂ ಇದನ್ನು ಒಪ್ಪುವವನಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ವಾಯುಮಾಲಿನ್ಯದ ನಿಯಮ ಮೀರಿ ವಾಹನ ಓಡಿಸಿದರೆ 10,000 ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಆಗಬಹುದು. ದಂಡದ ಮಾತು ಹಾಗಿರಲಿ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಬೆಳಿಗ್ಗೆ ಕಾರು ಚಾಲೂ ಮಾಡುವಾಗ ಅದರ ಹಿಂದೆ ನಿಂತು ಬಾಯಿ ತೊಳೆಯುವುದು ನಮ್ಮ ಮನೆಯ ಮಕ್ಕಳೇ.

ಇನ್ನೊಂದು ಎಚ್ಚರ. ಮಸಿ ಸುಡುತ್ತಿರುವಾಗ ಎಂಜಿನ್ನಿನ ಸದ್ದು ತುಸು ಏರಿರುತ್ತದೆ, ನಿಲ್ಲಿಸಿದ ಮೇಲೂ ಫ್ಯಾನು ತಿರುಗುತ್ತಿರುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ. ಆ ಹೊತ್ತಿನಲ್ಲಿ ಕಾರನ್ನು ಹುಲ್ಲಿನ ಮೆದೆ, ಒಣ ಗರಿಕೆ, ತಂಬಾಕಿನ ಬ್ಯಾರನ್ನಿನ ಸೌದೆ, ತರಗುಗಳ ಬಳಿ ನಿಲ್ಲಿಸಕೂಡದು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಹುರುಳಿ ಕಡ್ಡಿ ವಾಹನದ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತುವುದು ನಮ್ಮ ಸೀಮೆಗೆ ಹೊಸತಲ್ಲ. ಅಡಿಯಲ್ಲಿ ಕೆಂಡದಂತೆ ಕಾದ ಸೋಸುಕವಿದ್ದರೆ ಅಪಾಯ ಇಮ್ಮಡಿ.

ನಮ್ಮ ಬಂಧುಗಳ ಕಾರಿಗೆ ಕೊಳವೆ ಹಾಕಿದ ಮೇಲೆ ದೋಷಸಂಖ್ಯೆ ಅಳಿಸಿ, ಹಂಪಾಪುರದಿಂದ ಮೈಸೂರಿನ ಕಡೆಗೆ ಓಡಿಸಿ ಹಿಂದಿರುಗಿದರು. ದೀಪ ಮತ್ತೆ ಹತ್ತಲಿಲ್ಲ. ಮುಂದಿನ ವಾರ ಅದೇ ಕಾರಿನಲ್ಲಿ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ದು, ಸಮಯಕ್ಕೆ ಮುಂಚೆಯೇ ಮುಟ್ಟಿದರಂತೆ.