ಟಿಬೆಟ್ಟಿನ ಖಡ್ಗಮೃಗಕ್ಕೆ ಉಣ್ಣೆ ಬಂದದ್ದು ಯಾವಾಗ?

ಕುಮಾವೂಂ, ಗಢವಾಲದ ಭೋಟಿಯಾ ವ್ಯಾಪಾರಿಗಳು 19ನೇ ಶತಮಾನದಲ್ಲಿ ಸುಮಾರು 5,000 ಮೀಟರ್ ಎತ್ತರದ ನೀತಿ ಕಣಿವೆದಾರಿಯನ್ನು ದಾಟಿ ಟಿಬೆಟ್ಟಿಗೆ ಹೋಗಿಬರುತ್ತಿದ್ದರು. ಉಪ್ಪು, ಉಣ್ಣೆ, ಬಿಳಿಗಾರದ ವ್ಯಾಪಾರ ಅವರದು. ಆಚೆ ಬದಿಯ ಬಯಲನ್ನು ಹುಂದೇಶ ಎನ್ನುತ್ತಿದ್ದರು. ಅಲ್ಲಿಂದ ಆಗೀಗ ಕಲ್ಲಾಗಿಹೋದ ಮೂಳೆಗಳೂ ಇಳಿದು ಬರುತ್ತಿದ್ದವು. ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ಜಗತ್ತಿಗೆ ಪರಿಚಯಿಸಿದ ಹ್ಯೂ ಫಾಲ್ಕನರ್ ಆಗ ಸಹಾರನಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ. ಈ ಮೂಳೆಗಳಲ್ಲಿ ಕೆಲವು ಖಡ್ಗಮೃಗದವು ಎಂದು ಅವನು ಗುರುತಿಸಿದ. ಮರವೇ ಬೆಳೆಯದ, ಉಸಿರಾಡುವುದೇ ಕಷ್ಟವಾದ ಆ ಎತ್ತರದಲ್ಲಿ ಖಡ್ಗಮೃಗ ಎಲ್ಲಿಂದ ಬಂತು? ಆ ಪ್ರಾಣಿ ಬದುಕಿದ್ದಾಗ ಟಿಬೆಟ್ ಅಷ್ಟು ಎತ್ತರದಲ್ಲಿ ಇರಲೇ ಇಲ್ಲ, ನೆಲ ಮೇಲೆದ್ದದ್ದು ಆಮೇಲೆ ಎಂಬುದು ಫಾಲ್ಕನರ್ ಕೊಟ್ಟ ಉತ್ತರ.

ಅವನ ತರ್ಕ ಚೊಕ್ಕವಾಗಿತ್ತು. ಆದರೆ ಅದು ನಿಂತದ್ದು ಒಂದು ನಂಬಿಕೆಯ ಮೇಲೆ: ಖಡ್ಗಮೃಗವೆಂದರೆ ಬಿಸಿನಾಡಿನ ಪ್ರಾಣಿ. ನಮಗೂ ಖಡ್ಗಮೃಗ ಎಂದಕೂಡಲೇ ಕಾಜಿರಂಗದ ಜೌಗು, ಆಳೆತ್ತರದ ಹುಲ್ಲು ನೆನಪಾಗುತ್ತವೆ. ಇಂದು ಉಳಿದಿರುವ ಐದು ಜಾತಿಗಳನ್ನಷ್ಟೇ ನೋಡಿದವರಿಗೆ ಈ ವಂಶ ಎಲ್ಲೆಲ್ಲಿ ಹರಡಿತ್ತೆಂಬ ಅಂದಾಜು ಸಿಗುವುದಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಸಿಕ್ಕ ಖಡ್ಗಮೃಗದ ಪಳೆಯುಳಿಕೆಯನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ವಿವರಿಸಿ, ದಖನ್ನಿನ ಹೆಸರನ್ನೇ ಅದಕ್ಕೆ ಇಟ್ಟಿದ್ದ. ಅದು ಗೋಕಾಕದ ಎಷ್ಟು ಜನರಿಗೆ ಗೊತ್ತಿದೆಯೋ, ಗೊತ್ತಿರಬೇಕಾದ ಸಂಗತಿ.

ಹುಂದೇಶದ ಒಂದು ಭಾಗವೇ ಇವತ್ತಿನ ಭೂಪಟದಲ್ಲಿ ಝಾಂಡಾ ಎಂದು ಕಾಣುವ ತಗ್ಗುಪ್ರದೇಶ. ಹಿಮಾಲಯದ ಬೆನ್ನಿಗೇ ಅಂಟಿಕೊಂಡ ಈ ಜಾಗದಲ್ಲಿ ಸಟ್ಲೆಜ್ ನದಿ ಸುಮಾರು 800 ಮೀಟರ್ ದಪ್ಪದ ಹಳೆಯ ಹೂಳನ್ನು ಕೊರೆದು ಆಳವಾದ ಕೊರಕಲುಗಳನ್ನು ಮಾಡಿದೆ. ಲಾಸ್ ಏಂಜಲೀಸ್‌ನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದ ಷಿಯಾವೊಮಿಂಗ್ ವಾಂಗ್, ಬೀಜಿಂಗ್‌ನ ಡೆಂಗ್ ಟಾವೊ, ಲಿ ಚಿಯಾಂಗ್ ಮತ್ತು ಸಂಗಡಿಗರು ಇಲ್ಲಿ ಸಸ್ತನಿಗಳ ಪಳೆಯುಳಿಕೆಗಳನ್ನು ಹುಡುಕಿಕೊಂಡು ಬಂದರು. 2007ರಲ್ಲಿ ಅವರಿಗೆ ಒಂದು ಪೂರ್ತಿ ತಲೆಬುರುಡೆ, ಕೆಳದವಡೆ, ಕತ್ತಿನ ಕೆಲವು ಮೂಳೆಗಳು ಸಿಕ್ಕವು. ಅದೂ ಖಡ್ಗಮೃಗದ್ದೇ. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದಕ್ಕೆ ಸೀಲೊಡೊಂಟಾ ಥಿಬೆಟಾನಾ ಎಂಬ ಹೆಸರು ಬಂತು. ಹಿಮಯುಗದ ಪ್ರಸಿದ್ಧ ಉಣ್ಣೆ ಖಡ್ಗಮೃಗದ ಕುಲ ಅದು. ಅದರ ವಯಸ್ಸು ಮಾತ್ರ 37 ಲಕ್ಷ ವರ್ಷ. ಅಂದರೆ ಹಿಮಯುಗ ಶುರುವಾಗುವುದಕ್ಕೆ ಸುಮಾರು 10 ಲಕ್ಷ ವರ್ಷ ಮೊದಲಿನದು.

ವಯಸ್ಸನ್ನು ಲೆಕ್ಕ ಹಾಕಿದ್ದು ಮೂಳೆಯಿಂದಲ್ಲ, ಅದನ್ನು ಹೊತ್ತಿದ್ದ ಮಣ್ಣಿನಿಂದ. ಭೂಮಿಯ ಕಾಂತಕ್ಷೇತ್ರ ಲಕ್ಷಾಂತರ ವರ್ಷಗಳಲ್ಲಿ ಆಗಾಗ ಉತ್ತರ ದಕ್ಷಿಣವಾಗಿ, ದಕ್ಷಿಣ ಉತ್ತರವಾಗಿ ತಿರುಗಿದೆ. ನೀರಿನ ತಳಕ್ಕೆ ಹೂಳು ಇಳಿಯುವಾಗ ಅದರಲ್ಲಿರುವ ಕಬ್ಬಿಣದ ಕಣಗಳು ಆ ಹೊತ್ತಿನ ದಿಕ್ಕನ್ನು ಹಿಡಿದು ಕೂರುತ್ತವೆ. ಪದರದ ಮೇಲೆ ಪದರ ಅಳೆಯುತ್ತಾ ಹೋದರೆ ಈ ತಿರುವುಗಳ ಸಾಲು ಸಿಗುತ್ತದೆ. ಕಾಲ ಗೊತ್ತಿರುವ ತಿರುವುಗಳ ಜೊತೆ ಅದನ್ನು ಹೊಂದಿಸಿ ನೋಡಬಹುದು.

ತಲೆಬುರುಡೆಯ ಮೂಗಿನ ಭಾಗ ನೋಡಬೇಕು. ಖಡ್ಗಮೃಗದ ಕೊಂಬು ನಮ್ಮ ಉಗುರಿನ ವಸ್ತುವೇ, ಕೊಳೆತು ಹೋಗುತ್ತದೆ. ಅದು ಕೂತಿದ್ದ ಜಾಗ ಮಾತ್ರ ಮೂಳೆಯ ಮೇಲೆ ಒರಟೊರಟಾಗಿ ಉಳಿಯುತ್ತದೆ. ಈ ಪ್ರಾಣಿಯಲ್ಲಿ ಆ ಒರಟು ಗುರುತು ಮೂಗಿನ ಮೂಳೆಯ ಮೇಲ್ಭಾಗವನ್ನೆಲ್ಲ ಆವರಿಸಿದೆ, ಎಂದರೆ ಕೊಂಬು ಭಾರಿಯದು. ಎರಡು ಹೊಳ್ಳೆಗಳ ನಡುವೆ ಮೂಳೆಯ ಗೋಡೆ ಎದ್ದು ಆ ಭಾರಕ್ಕೆ ಆಸರೆ ಕೊಟ್ಟಿದೆ. ಸೈಬೀರಿಯಾದ ಮಂಜಿನಲ್ಲಿ ಹೂತು ಉಳಿದ ಮುಂದಿನ ಪೀಳಿಗೆಯ ಉಣ್ಣೆ ಖಡ್ಗಮೃಗಗಳ ಕೊಂಬುಗಳು ಚಪ್ಪಟೆಯಾಗಿವೆ, ಮುಂಬದಿಯಲ್ಲಿ ಸವೆದಿವೆ. ಅವು ತಲೆ ತಗ್ಗಿಸಿ, ಕಣದಲ್ಲಿ ಕಾಳು ಸರಿಸುವ ಹಲಗೆಯಂತೆ ಕೊಂಬನ್ನು ಅತ್ತಿತ್ತ ಆಡಿಸಿ, ಹಿಮವನ್ನು ಬದಿಗೆ ತಳ್ಳಿ ಅಡಿಯ ಹುಲ್ಲು ಮೇಯುತ್ತಿದ್ದವು ಎಂಬುದಕ್ಕೆ ಆ ಸವೆತವೇ ಸಾಕ್ಷಿ. ಝಾಂಡಾದ ಪ್ರಾಣಿಯೂ ಹೀಗೆಯೇ ಮೇಯುತ್ತಿತ್ತು ಎನ್ನುತ್ತದೆ ಈ ತಂಡ. ಉಣ್ಣೆಯ ಮಾತು ಬೇರೆ. ಆ ತಲೆಬುರುಡೆಯ ಜೊತೆ ಒಂದು ಎಳೆ ಕೂದಲೂ ಸಿಕ್ಕಿಲ್ಲ. ಅದರ ವಂಶದವಕ್ಕೆ ದಟ್ಟ ಉಣ್ಣೆಯಿತ್ತು, ಇಂದು ಉಳಿದಿರುವ ಹತ್ತಿರದ ಸಂಬಂಧಿಯಾದ ಸುಮಾತ್ರಾ ಖಡ್ಗಮೃಗಕ್ಕೂ ಮೈಮೇಲೆ ಕೂದಲಿದೆ, ಹಾಗಾಗಿ ಇದಕ್ಕೂ ಇತ್ತೆಂದು ಊಹಿಸುತ್ತೇವೆ.

ಆದರೆ ಆಗ ಝಾಂಡಾ ನಿಜಕ್ಕೂ ಎತ್ತರದಲ್ಲಿತ್ತೇ? ಫಾಲ್ಕನರ್‌ಗೆ ಉತ್ತರ ಕೊಡಬೇಕಾದದ್ದು ಇಲ್ಲಿಯೇ, ಮತ್ತು ಖಡ್ಗಮೃಗವನ್ನು ಬಿಟ್ಟು ಬೇರೆ ಸಾಕ್ಷಿಯಿಂದ. ಒಂದು ಸಾಕ್ಷಿ ಬಂದದ್ದು ಬಸವನಹುಳುಗಳಿಂದ. ಆಮ್ಲಜನಕದಲ್ಲಿ ಹಗುರ ಪರಮಾಣುಗಳ ಜೊತೆ ಸ್ವಲ್ಪ ಭಾರದವೂ ಇರುತ್ತವೆ. ಮೋಡ ಹಿಮಾಲಯ ಹತ್ತುವಾಗ ಭಾರದ ಆಮ್ಲಜನಕವಿರುವ ನೀರು ಮೊದಲು ಮಳೆಯಾಗಿ ಸುರಿದುಬಿಡುತ್ತದೆ. ಮೇಲೆ ಹೋದಷ್ಟೂ ಬೀಳುವ ನೀರಲ್ಲಿ ಅದರ ಪಾಲು ಕಡಿಮೆ. ಅಂಥ ನೀರಲ್ಲೇ ಬೆಳೆದ ಹುಳುವಿನ ಚಿಪ್ಪಿನಲ್ಲಿ ಆ ಕೊರತೆ ದಾಖಲಾಗುತ್ತದೆ. ಝಾಂಡಾದ ಹಳೆಯ ಚಿಪ್ಪುಗಳನ್ನು ಅಳೆದಾಗ, ಆ ಬಯಲು ಆಗಲೇ ಇಂದಿನಷ್ಟು ಅಥವಾ ಇನ್ನೂ ಹೆಚ್ಚು ಎತ್ತರದಲ್ಲಿತ್ತು ಎಂಬ ಲೆಕ್ಕ ಬಂತು.

ಇನ್ನೊಂದು ಸಾಕ್ಷಿ ಕುದುರೆಯದು, ನನಗೆ ತುಂಬ ಇಷ್ಟವಾದದ್ದು. 46 ಲಕ್ಷ ವರ್ಷ ಹಿಂದಿನ, ಮೂರು ಬೆರಳಿನ ಕುದುರೆಯ ಅಸ್ಥಿಪಂಜರ ಅಲ್ಲೇ ಸಿಕ್ಕಿತು. ಸಪೂರ ಕಾಲು, ದಣಿಯದೆ ಬಹಳ ಹೊತ್ತು ನಿಲ್ಲಲು ಮಂಡಿಚಿಪ್ಪನ್ನು ಸಿಕ್ಕಿಸಿಕೊಳ್ಳುವ ಏರ್ಪಾಡು. ಕಾಡಿನಲ್ಲಿ ಮರೆಯಾಗುವ ಪ್ರಾಣಿಗೆ ಇದು ಬೇಡ, ಬಟ್ಟಬಯಲಿನಲ್ಲಿ ಓಡಿ ಪಾರಾಗಬೇಕಾದ ಪ್ರಾಣಿಗೆ ಬೇಕು. ಅಲ್ಲಿ ಈಗ ಮರಗಳು ನಿಲ್ಲುವ ಮಿತಿ ಸುಮಾರು 3,600 ಮೀಟರ್. ಆ ಕಾಲದ ಹವೆ ಇಂದಿಗಿಂತ ಸುಮಾರು 2.5 ಡಿಗ್ರಿ ಬೆಚ್ಚಗಿತ್ತು. ಬೆಚ್ಚಗಾದರೆ ಮರಗಳು ಇನ್ನೂ ಮೇಲಕ್ಕೆ ಹತ್ತುತ್ತವೆ, ಸುಮಾರು 400 ಮೀಟರ್. ಹಾಗಿದ್ದೂ ಅಲ್ಲಿ ಬಯಲಿತ್ತೆಂದರೆ ನೆಲ 4,000 ಮೀಟರ್ ಎತ್ತರದಲ್ಲಿ ಇದ್ದಿರಲೇಬೇಕು. ಒಂದು ಮಂಡಿಚಿಪ್ಪಿನಿಂದ ಬೆಟ್ಟದ ಎತ್ತರ ಹೇಳುವ ಈ ತರ್ಕದಲ್ಲಿ ಸಡಿಲ ಕೊಂಡಿಗಳಿಲ್ಲವೆಂದಲ್ಲ. ಆದರೆ ಕುದುರೆಗೂ ಬಸವನಹುಳುವಿಗೂ ಸಂಬಂಧವಿಲ್ಲ, ಎರಡೂ ಹೇಳಿದ್ದು ಮಾತ್ರ ಒಂದನ್ನೇ.

ಹಾಗಾದರೆ ಚಳಿ ಲೋಕಕ್ಕೆಲ್ಲ ಹರಡುವ ಮೊದಲೇ ಟಿಬೆಟ್ಟಿನಲ್ಲಿ ಅದನ್ನು ಎದುರಿಸಲು ಕಲಿತ ಪ್ರಾಣಿಗಳಿದ್ದವು, ಹಿಮಯುಗ ಬಂದಾಗ ಅವು ಕೆಳಗಿಳಿದು ಹರಡಿದವು ಎನ್ನುತ್ತಾರೆ ವಾಂಗ್ ಮತ್ತು ಡೆಂಗ್. ಉಣ್ಣೆ ಖಡ್ಗಮೃಗದ ಮಟ್ಟಿಗೆ ಹೆಜ್ಜೆಗುರುತುಗಳು ಸರಿಯಾದ ಕ್ರಮದಲ್ಲೇ ಇವೆ. ಸುಮಾರು 25 ಲಕ್ಷ ವರ್ಷ ಹಿಂದೆ ಅದರ ಬಳಗ ಪ್ರಸ್ಥಭೂಮಿಯ ಈಶಾನ್ಯ ಅಂಚಿನ ಲಿನ್‌ಷಿಯಾದಲ್ಲಿ ಕಾಣುತ್ತದೆ, ಆಮೇಲೆ ಉತ್ತರ ಚೀನಾದಲ್ಲಿ, ನಾಲ್ಕೂವರೆ ಲಕ್ಷ ವರ್ಷ ಹಿಂದಿನ ಹೊತ್ತಿಗೆ ಯುರೋಪಿನಲ್ಲಿ. ಫ್ರಾನ್ಸಿನ ಶೋವೆ ಗುಹೆಯ ಗೋಡೆಯ ಮೇಲೆ ಮನುಷ್ಯರು ಅದರ ಚಿತ್ರ ಬರೆದಿದ್ದಾರೆ. ಸುಮಾರು 14,000 ವರ್ಷ ಹಿಂದೆ ಅದು ಅಳಿಯಿತು.

ಝಾಂಡಾದಲ್ಲೇ ಹಿಮಚಿರತೆಯ ಹತ್ತಿರದ ಬಂಧು ಎನ್ನಲಾದ, 40 ಲಕ್ಷ ವರ್ಷಕ್ಕಿಂತ ಹಳೆಯ ದೊಡ್ಡ ಬೆಕ್ಕೊಂದರ ತಲೆಬುರುಡೆಯೂ ಸಿಕ್ಕಿದೆ. ಆರ್ಕ್ಟಿಕ್ ನರಿಯ ಪೂರ್ವಜ ಎಂದು 2014ರಲ್ಲಿ ಮಂಡಿಸಲಾದ ನರಿಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿದೆ. ಮಾಂಸ ಕತ್ತರಿಸಲು ಹರಿತವಾದ ಅದರ ಹಲ್ಲುಗಳು ಆರ್ಕ್ಟಿಕ್ ನರಿಯವನ್ನು ಹೋಲುತ್ತವೆ, ನಿಜ. ಆದರೆ ಇಂದಿನ ಆರ್ಕ್ಟಿಕ್ ನರಿಯ ವಂಶವಾಹಿಗಳನ್ನು ಓದಿದರೆ ಅತಿ ಹತ್ತಿರದ ನೆಂಟರು ಉತ್ತರ ಅಮೆರಿಕದ ಒಣಬಯಲಿನ ಚಿಕ್ಕ ನರಿಗಳು. ಚಳಿನಾಡಿನಲ್ಲಿ ಸಸ್ಯಾಹಾರ ಸಿಗದಾಗ ಬೇರೆ ಬೇರೆ ವಂಶದ ನರಿಗಳಿಗೂ ಒಂದೇ ಬಗೆಯ ಹಲ್ಲು ಬರಬಹುದು. 40 ಲಕ್ಷ ವರ್ಷ ಹಳೆಯ ಮೂಳೆಯಲ್ಲಿ ಓದಲು ಡಿಎನ್‌ಎ ಉಳಿದಿಲ್ಲ. ಟಿಬೆಟ್ಟಿಗೂ ಆರ್ಕ್ಟಿಕ್‌ಗೂ ನಡುವಿನ ದಾರಿಯಲ್ಲಿ, ನಡುವಿನ ಕಾಲದ ಇನ್ನಷ್ಟು ನರಿ ದವಡೆಗಳು ಸಿಗುವ ತನಕ ಆ ಪ್ರಶ್ನೆ ಇತ್ಯರ್ಥವಾಗುವುದಿಲ್ಲ.