ಇಂಡೀ ರಾಕ್: ಸ್ವಂತ ಕಾಲಿನ ಮೇಲೆ ನಿಂತ ಸಂಗೀತ

ಹೊಸ ಶಬ್ದವೊಂದು ಕಿವಿಗೆ ಬಿದ್ದರೆ ಅದರ ಹುಟ್ಟು ಯಾವುದು, ಅರ್ಥವೇನು ಎಂದು ವಿಚಾರಿಸುವುದು ಕನ್ನಡ ಪಂಡಿತರ ಹಳೆಯ ಚಾಳಿ. ಈಚೆಗೆ ಕಾಲೇಜು ತರುಣರ ಬಾಯಲ್ಲಿ, ಎಷ್ಟೋ ವೇಳೆ ಹೈಸ್ಕೂಲು ಹುಡುಗರ ಬಾಯಲ್ಲಿಯೂ, ‘ಇಂಡೀ ರಾಕ್’ ಎಂಬ ಮಾತು ಕೇಳಿಬರುತ್ತದೆ. ವಿಜಯಪುರ ಜಿಲ್ಲೆಯಲ್ಲಿ ನಿಂಬೆಹಣ್ಣಿಗೆ ಹೆಸರಾದ ಇಂಡಿ ಪಟ್ಟಣಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಸ್ವತಂತ್ರ ಎಂಬರ್ಥದ ‘ಇಂಡಿಪೆಂಡೆಂಟ್’ ಶಬ್ದದ ಬಾಲವನ್ನು ಕತ್ತರಿಸಿ, ತಲೆಯನ್ನು ಮಾತ್ರ ಉಳಿಸಿಕೊಂಡಾಗ ಆದದ್ದು ಇಂಡೀ. ರಾಕ್ ಎಂದರೆ ಇಲ್ಲಿ ಬಂಡೆಯಲ್ಲ. ತೂಗು, ಓಲಾಡು ಎಂಬ ಕ್ರಿಯೆ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಪ್ರದಾಯದಿಂದ ಬಹಳಷ್ಟನ್ನು ಪಡೆದು, ೧೯೫೦ರ ದಶಕದಲ್ಲಿ ರೂಪುಗೊಂಡು, ವಿದ್ಯುತ್ ಗಿಟಾರು, ಬಾಸ್ ಗಿಟಾರು, ಡ್ರಮ್ಮುಗಳ ಮೇಲೆ ನಿಂತ ಹಾಡುಗಾರಿಕೆಗೆ ಆ ಹೆಸರು ಬಂದಿತು.

ಸ್ವತಂತ್ರ ಎಂದಮೇಲೆ ಯಾರಿಂದ ಸ್ವತಂತ್ರ ಎಂದು ಕೇಳಬೇಕಷ್ಟೆ. ನಮ್ಮ ಲಕ್ಷಣಗ್ರಂಥಗಳು ಸಂಗೀತವನ್ನು ಮಾರ್ಗ, ದೇಶಿ ಎಂದು ಎರಡಾಗಿ ವಿಂಗಡಿಸಿದವು. ಅದು ಸಂಗೀತದ ಸ್ವರೂಪವನ್ನು ನೋಡಿ ಮಾಡಿದ ವಿಂಗಡಣೆ. ಇಂಡೀ ಎಂಬುದು ಮೊದಲಿಗೆ ಅಂಥ ವಿಂಗಡಣೆಯಾಗಿರಲಿಲ್ಲ. ಹಾಡು ಹೇಗಿದೆ ಎಂಬುದಕ್ಕಿಂತ ಅದರ ಒಡೆಯರು ಯಾರು, ಅದು ಯಾರ ಕೈಯಿಂದ ಕೇಳುಗನಿಗೆ ತಲುಪುತ್ತದೆ ಎಂಬುದೇ ಅಲ್ಲಿ ಮುಖ್ಯವಾಗಿತ್ತು. ಹಾಡೊಂದು ಧ್ವನಿಮುದ್ರಿಕೆಯಾಗಿ ಮನೆಗೆ ಬರಬೇಕಾದರೆ ಸ್ಟುಡಿಯೋ ಬೇಕು, ತಟ್ಟೆಯನ್ನು ಒತ್ತುವ ಕಾರ್ಖಾನೆ ಬೇಕು, ಊರೂರಿನ ಅಂಗಡಿಗೆ ಸಾಗಿಸುವವರು ಬೇಕು, ಪ್ರಚಾರ ಬೇಕು. ಇವೆಲ್ಲವೂ ಕೆಲವೇ ದೊಡ್ಡ ಕಂಪನಿಗಳ ಹಿಡಿತದಲ್ಲಿದ್ದವು. ಇಂದು ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ಕಂಪನಿಗಳು ಈ ವ್ಯಾಪಾರದ ಬಹುಪಾಲನ್ನು ನಡೆಸುತ್ತವೆ. ದೊಡ್ಡ ಕಂಪನಿ ಮುಂಗಡ ಹಣ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಸಾಮಾನ್ಯವಾಗಿ ಧ್ವನಿಮುದ್ರಣದ ಒಡೆತನವನ್ನು ತಾನು ಇಟ್ಟುಕೊಳ್ಳುತ್ತದೆ. ಯಾವ ಹಾಡು ಹೊರಬರಬೇಕು, ಯಾವಾಗ ಬರಬೇಕು ಎಂಬುದರಲ್ಲಿಯೂ ಅದರ ಮಾತು ನಡೆಯುತ್ತದೆ.

ಈ ಏರ್ಪಾಡಿನ ಹೊರಗೆ ನಿಂತು ಹಾಡಬಹುದೆಂದು ತೋರಿಸಿಕೊಟ್ಟ ಪ್ರಸಂಗಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ್ದು ಪ್ರಸಿದ್ಧವಾಗಿದೆ. ಅಲ್ಲಿನ ಬಜ್‌ಕಾಕ್ಸ್ ಎಂಬ ತಂಡದ ತರುಣರು ಬಂಧುಮಿತ್ರರಿಂದ ಸುಮಾರು ೫೦೦ ಪೌಂಡು ಕೈಗಡ ತಂದು, ೧೯೭೬ರ ಡಿಸೆಂಬರಿನಲ್ಲಿ ನಾಲ್ಕು ಹಾಡುಗಳನ್ನು ಮುದ್ರಿಸಿದರು. ೧೯೭೭ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಹೆಸರಿನಲ್ಲಿ ತಮ್ಮದೇ ಮುದ್ರೆಯಡಿ ಅದನ್ನು ಹೊರತಂದರು. ಮೊದಲು ಒತ್ತಿಸಿದ್ದು ಒಂದು ಸಾವಿರ ಪ್ರತಿ. ಕೊನೆಗೆ ಮಾರಾಟವಾದದ್ದು ಸುಮಾರು ೧೬,೦೦೦. ಪ್ರತಿಯೊಂದು ಹಾಡನ್ನೂ ಎಷ್ಟನೆಯ ಸಲಕ್ಕೆ ಮುದ್ರಿಸಲಾಯಿತು ಎಂಬುದನ್ನು ಅವರು ಹೊದಿಕೆಯ ಮೇಲೆಯೇ ಅಚ್ಚು ಹಾಕಿಸಿದ್ದರು. ಅಡಿಗೆಮನೆಯ ಬಾಗಿಲನ್ನು ತೆರೆದು ‘ನೋಡಿ, ಮಾಡುವುದು ಹೀಗೆ’ ಎಂದು ತೋರಿಸಿದಂತಾಯಿತು. ನೋಡಿದವರಿಗೆ ತಾವೂ ಮಾಡಬಹುದೆಂಬ ಧೈರ್ಯ ಬಂದಿತು.

ತಟ್ಟೆ ಸಿದ್ಧವಾದರೂ ಅದನ್ನು ಮಾರುವವರು ಬೇಕಲ್ಲವೆ? ಜೆಫ್ ಟ್ರಾವಿಸ್ ಎಂಬಾತ ೧೯೭೬ರಲ್ಲಿ ಲಂಡನ್ನಿನಲ್ಲಿ ‘ರಫ್ ಟ್ರೇಡ್’ ಎಂಬ ರೆಕಾರ್ಡಿನ ಅಂಗಡಿಯನ್ನು ತೆರೆದಿದ್ದನು. ೧೯೭೮ರಲ್ಲಿ ಅಂಗಡಿಯು ತಾನೇ ಧ್ವನಿಮುದ್ರಿಕೆಗಳನ್ನು ಪ್ರಕಟಿಸತೊಡಗಿತು. ಬೇರೆ ಬೇರೆ ಊರುಗಳ ಇಂಥ ಅಂಗಡಿಗಳು ಕೂಡಿಕೊಂಡು ಒಬ್ಬರ ಸರಕನ್ನು ಇನ್ನೊಬ್ಬರು ಹಂಚುವ ವ್ಯವಸ್ಥೆಯೂ ಬೆಳೆಯಿತು. ೧೯೮೦ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಸ್ವತಂತ್ರ ಮುದ್ರಿಕೆಗಳಿಗಾಗಿಯೇ ಮಾರಾಟದ ಪಟ್ಟಿಯೊಂದು ಆರಂಭವಾಯಿತು. ಆ ಪಟ್ಟಿಗೆ ಸೇರಲು ಹಾಡು ಇಂಥ ಶೈಲಿಯಲ್ಲಿರಬೇಕು ಎಂಬ ನಿಯಮವಿರಲಿಲ್ಲ. ದೊಡ್ಡ ಕಂಪನಿಗಳ ವಿತರಣೆಗೆ ಒಳಪಡದೆ ಅಂಗಡಿಗೆ ಬಂದಿರಬೇಕು, ಅಷ್ಟೆ. ಮುಂದೆ ಇಂಥ ತಂಡಗಳ ಹಾಡುಗಳಲ್ಲಿ ಒಂದು ಬಗೆಯ ಹೋಲಿಕೆ ಕಾಣತೊಡಗಿ, ‘ಇಂಡೀ’ ಎಂಬುದು ಶೈಲಿಯ ಹೆಸರೂ ಆಯಿತು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಹೆಸರೇ ಕೇಳದ ತಂಡದ ತಟ್ಟೆಯನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು? ಈ ತೊಡಕನ್ನು ಬಿಡಿಸಿದ್ದು ರೇಡಿಯೋ. ಜಾನ್ ಪೀಲ್ ಎಂಬವರು ಬಿ.ಬಿ.ಸಿ.ಯ ‘ರೇಡಿಯೋ ಒನ್’ ೧೯೬೭ರಲ್ಲಿ ಆರಂಭವಾದಂದಿನಿಂದ ೨೦೦೪ರಲ್ಲಿ ತಾವು ತೀರಿಕೊಳ್ಳುವವರೆಗೂ ಅಲ್ಲಿ ಸಂಗೀತದ ಕಾರ್ಯಕ್ರಮವನ್ನು ನಡೆಸಿದರು. ದೇಶದ ಮೂಲೆಮೂಲೆಯಿಂದ ಅಪರಿಚಿತರು ಕಳುಹಿಸಿದ ತಟ್ಟೆಗಳನ್ನೂ ಟೇಪುಗಳನ್ನೂ ಅವರು ಕೇಳುತ್ತಿದ್ದರು. ಮೆಚ್ಚಿದ್ದನ್ನು ಪ್ರಸಾರ ಮಾಡುತ್ತಿದ್ದರು. ಉತ್ತರ ಐರ್ಲೆಂಡಿನ ಡೆರಿ ಪಟ್ಟಣದ ಅಂಡರ್‌ಟೋನ್ಸ್ ತಂಡದ ‘ಟೀನೇಜ್ ಕಿಕ್ಸ್’ ಎಂಬ ಹಾಡು ಬೆಲ್‌ಫಾಸ್ಟಿನ ಪುಟ್ಟ ಪ್ರಕಾಶನದಿಂದ ೧೯೭೮ರಲ್ಲಿ ಬಂದಾಗ, ಪೀಲ್ ಅದನ್ನು ಒಂದರ ಬೆನ್ನಿಗೆ ಒಂದರಂತೆ ಎರಡು ಸಲ ಹಾಕಿ ಕೇಳಿಸಿದರು. ಊರಿನವರಿಗಷ್ಟೇ ಗೊತ್ತಿದ್ದ ಹುಡುಗರನ್ನು ದೇಶವೇ ಗುರುತಿಸಿತು.

ಕಲಾವಿದರನ್ನು ಸ್ಟುಡಿಯೋಕ್ಕೆ ಕರೆಸಿ ಹಾಡಿಸುವ ಪದ್ಧತಿ ನಮ್ಮ ಆಕಾಶವಾಣಿಯ ಶ್ರೋತೃಗಳಿಗೆ ಹೊಸದಲ್ಲ. ಬ್ರಿಟನ್ನಿನಲ್ಲಿ ಇದಕ್ಕೊಂದು ವಿಶೇಷ ಕಾರಣವಿತ್ತು. ದಿನಕ್ಕೆ ಇಷ್ಟೇ ಹೊತ್ತು ರೆಕಾರ್ಡು ಹಾಕಬೇಕು, ಉಳಿದ ಸಮಯದಲ್ಲಿ ವಾದ್ಯಗಾರರಿಗೆ ಕೆಲಸ ದೊರೆಯಬೇಕು ಎಂಬ ಕಟ್ಟುಪಾಡು ಅಲ್ಲಿ ಬಹಳ ವರ್ಷ ಜಾರಿಯಲ್ಲಿತ್ತು. ಅದರಿಂದಾಗಿ ಪೀಲ್ ಅವರ ಕಾರ್ಯಕ್ರಮಕ್ಕೆ ಬಂದ ತಂಡಗಳು ಒಂದೇ ದಿನದಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡುಗಳನ್ನು ಮುದ್ರಿಸಿ ಹೋಗುತ್ತಿದ್ದವು. ಹೀಗೆ ಸಂಗ್ರಹವಾದ ಗೋಷ್ಠಿಗಳು ನಾಲ್ಕು ಸಾವಿರಕ್ಕೂ ಹೆಚ್ಚು. ‘ದಿ ಫಾಲ್’ ಎಂಬ ಒಂದೇ ತಂಡ ೨೪ ಸಲ ಬಂದು ಹಾಡಿತು. ಸಂಗೀತಗಾರರ ಹೊಟ್ಟೆಪಾಡಿಗಾಗಿ ಮಾಡಿದ ಕಟ್ಟುಪಾಡು ಹೊಸ ಸಂಗೀತಕ್ಕೆ ದೊಡ್ಡ ಭಂಡಾರವನ್ನೇ ಕೂಡಿಸಿಕೊಟ್ಟಿತು. ಅಮೆರಿಕದಲ್ಲಿ ಇದೇ ಕೆಲಸವನ್ನು ವಿಶ್ವವಿದ್ಯಾನಿಲಯಗಳ ರೇಡಿಯೋ ನಿಲಯಗಳು ಮಾಡಿದವು. ಜಾರ್ಜಿಯಾ ಪ್ರಾಂತದ ಅಥೆನ್ಸ್ ಎಂಬ ವಿದ್ಯಾಪಟ್ಟಣದ ಆರ್.ಇ.ಎಂ. ತಂಡದ ‘ಮರ್ಮರ್’ (೧೯೮೩) ಹೆಸರು ಮಾಡಿದ್ದರಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಿದ್ದ ನಿಲಯಗಳ ಪಾಲು ದೊಡ್ಡದು. ನಿರ್ವಾಣ ಎಂಬ ತಂಡವು ಸಿಯಾಟಲಿನ ಪುಟ್ಟ ಪ್ರಕಾಶನಕ್ಕಾಗಿ ಮಾಡಿದ ‘ಬ್ಲೀಚ್’ (೧೯೮೯) ಮುದ್ರಿಕೆಗೆ ಬಿದ್ದ ಸ್ಟುಡಿಯೋ ಖರ್ಚು ಸುಮಾರು ೬೦೬ ಡಾಲರು.

ರಾಗಸಂಗೀತದಲ್ಲಿ ಪಳಗಿದ ಕಿವಿಗೆ ಇಂಡೀ ರಾಕ್ ಮೊದಲು ಗದ್ದಲವೆನಿಸೀತು. ಇಲ್ಲಿ ಆಲಾಪನೆಯಿಲ್ಲ, ಗಮಕಗಳ ಸೊಗಸಿಲ್ಲ. ಹಾಡು ಬಹುಮಟ್ಟಿಗೆ ಮೂರು ನಾಲ್ಕು ನಿಮಿಷದ್ದು. ನಮ್ಮ ಪಲ್ಲವಿಯಂತೆ ಮರಳಿ ಮರಳಿ ಬರುವ ಸಾಲು, ನಡುವೆ ಚರಣಗಳು. ಕಂಠವು ತರಬೇತಿ ಪಡೆದದ್ದಾಗಿರಬೇಕೆಂಬ ನಿರ್ಬಂಧವೂ ಇಲ್ಲ. ಹಾಗಾದರೆ ಕೇಳಬೇಕಾದ್ದೇನು? ಮೊದಲನೆಯದು ನಾದದ ಬಣ್ಣ. ಗಿಟಾರಿನ ಧ್ವನಿವರ್ಧಕವನ್ನು ಅದರ ಮಿತಿಗಿಂತ ಹೆಚ್ಚು ದುಡಿಸಿದಾಗ ಸ್ವರವು ಒಡೆದು ಗುರುಗುಟ್ಟುತ್ತದೆ. ಅದು ಯಂತ್ರದ ಕೇಡಲ್ಲ, ಬೇಕೆಂದೇ ತಂದುಕೊಂಡ ಬಣ್ಣ. ಎರಡನೆಯದು, ಆಡುಮಾತಿಗೆ ಹತ್ತಿರವಾದ ದನಿ. ಪಕ್ಕದ ಮನೆಯ ಹುಡುಗಿಯೊಬ್ಬಳು ತನ್ನ ಸಂಕಟವನ್ನು ತನ್ನ ಮಾತಿನಲ್ಲಿ ಹೇಳಿಕೊಂಡಂತಿರುವುದೇ ಅದರ ಗುಣ.

ಇದಕ್ಕೆ ಈಚಿನ ಎರಡು ಮುದ್ರಿಕೆಗಳನ್ನು ಉದಾಹರಿಸಬಹುದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕೂಡಿಕೊಂಡ ಬಿಗ್ ಥೀಫ್ ಎಂಬ ತಂಡವು ೨೦೨೨ರ ಫೆಬ್ರವರಿಯಲ್ಲಿ ‘ಡ್ರ್ಯಾಗನ್ ನ್ಯೂ ವಾರ್ಮ್ ಮೌಂಟನ್ ಐ ಬಿಲೀವ್ ಇನ್ ಯು’ ಎಂಬ, ಉಸಿರು ಹಿಡಿದು ಓದಬೇಕಾದ ಹೆಸರಿನ ಮುದ್ರಿಕೆಯನ್ನು ತಂದಿತು. ಇದರಲ್ಲಿ ಇಪ್ಪತ್ತು ಹಾಡುಗಳಿವೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ಕೊಲರಾಡೊ, ಅರಿಜೋನಾ ಹೀಗೆ ನಾಲ್ಕು ಪ್ರಾಂತಗಳಲ್ಲಿ ತಂಗಿ ಅವನ್ನು ಮುದ್ರಿಸಿದರು. ಗಾಯಕಿ ಏಡ್ರಿಯನ್ ಲೆಂಕರ್ ಅವರ ದನಿ ತೆಳುವು; ಅಲ್ಲಲ್ಲಿ ನಡುಗುತ್ತದೆ. ಆ ನಡುಕವನ್ನು ತಿದ್ದದೆ ಬಿಟ್ಟಿರುವುದರಿಂದಲೇ ಹಾಡು ಮನಸ್ಸಿಗೆ ನಾಟುತ್ತದೆ. ‘ಸ್ಪಡ್ ಇನ್ಫಿನಿಟಿ’ ಎಂಬ ಹಾಡಂತೂ ನಮ್ಮವರನ್ನು ಥಟ್ಟನೆ ನಿಲ್ಲಿಸುವಂಥದು. ಸ್ಪಡ್ ಎಂದರೆ ಆಲೂಗಡ್ಡೆ, ಇನ್ಫಿನಿಟಿ ಎಂದರೆ ಅನಂತ, ಹೆಸರಿನಲ್ಲೇ ನಗೆಯಿದೆ. ಹಾಡಿನ ಉದ್ದಕ್ಕೂ ಮಿಡಿಯುವ ವಾದ್ಯ ನಮ್ಮ ಮೋರ್ಚಿಂಗಿನ ಪಾಶ್ಚಾತ್ಯ ದಾಯಾದಿ. ಅದನ್ನು ನುಡಿಸಿದವರು ಗಾಯಕಿಯ ಸಹೋದರ. ತನಿಯಾವರ್ತನದಲ್ಲಿ ಅದನ್ನು ಕೇಳಿ ಬಲ್ಲವರಿಗೆ, ದೂರದ ಊರಿನಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಗುತ್ತದೆ.

ಎರಡನೆಯದು ಕೆನಡಾದ ಪ್ಯಾಟ್ರಿಕ್ ಫ್ಲೆಗೆಲ್ ಅವರು ಸಿಂಡಿ ಲೀ ಎಂಬ ಹೆಸರಿನಲ್ಲಿ ೨೦೨೪ರಲ್ಲಿ ಹೊರತಂದ ‘ಡೈಮಂಡ್ ಜೂಬಿಲಿ’. ಮೂವತ್ತೆರಡು ಹಾಡು, ಎರಡು ಗಂಟೆಯ ಮೇಲೆ ಸಂಗೀತ. ಮೊದಲಿಗೆ ಇದನ್ನು ಸ್ಪಾಟಿಫೈ ಮೊದಲಾದ ಜಾಲಗಳಿಗೆ ಕೊಡಲಿಲ್ಲ. ಹಳೆಯ ಮಾದರಿಯ ಒಂದು ಜಾಲತಾಣದಲ್ಲಿಟ್ಟು, ಇಷ್ಟವಿದ್ದವರು ಮೂವತ್ತು ಡಾಲರು ಕೊಡಬಹುದು ಎಂದು ಸೂಚಿಸಿದರು, ಯೂಟ್ಯೂಬಿನಲ್ಲಿಯೂ ಇಟ್ಟರು. ಪ್ರಚಾರವಿಲ್ಲದೆಯೇ ಅದು ಕಿವಿಯಿಂದ ಕಿವಿಗೆ ಹರಡಿತು. ಇದರ ನಾದವನ್ನು ರೇಡಿಯೋ ಮನೆಗಳವರಿಗೆ ಸುಲಭವಾಗಿ ವಿವರಿಸಬಹುದು. ರಾತ್ರಿ ಹೊತ್ತು ಮೀಡಿಯಂ ವೇವಿನಲ್ಲಿ ಮುಳ್ಳನ್ನು ತಿರುಗಿಸುತ್ತಿರುವಾಗ ಎಲ್ಲಿಯದೋ ದೂರದ ನಿಲಯ ತೇಲಿಬಂದು, ೧೯೬೦ರ ದಶಕದ ಹಾಡೊಂದು ಅರೆಬರೆ ಕೇಳಿಸಿ ಮಾಯವಾಗುತ್ತದಲ್ಲ, ಹಾಗಿದೆ. ಎರಡು ಗಂಟೆ ದೀರ್ಘವಾಯಿತು ಎನ್ನುವವರಿಗೆ ನನ್ನ ಆಕ್ಷೇಪವಿಲ್ಲ. ನನಗೂ ಅದನ್ನು ಎರಡು ಮೂರು ಕಂತುಗಳಲ್ಲಿ ಕೇಳುವುದೇ ಹಿತವೆನಿಸಿತು.

ಮುದ್ರಿಕೆಯ ಮಾತಾಯಿತು, ಇನ್ನು ಕಚೇರಿ. ಇಂಡೀ ತಂಡಗಳ ಬಾಳು ಹೆಚ್ಚಾಗಿ ಸಣ್ಣ ಸಭಾಂಗಣಗಳಲ್ಲಿ ನಡೆಯುತ್ತದೆ. ನೂರಿನ್ನೂರು ಜನ ನಿಂತೇ ಕೇಳುತ್ತಾರೆ. ಮೊದಲು ಹೊಸ ತಂಡವೊಂದು ಅರ್ಧಗಂಟೆ ಹಾಡುತ್ತದೆ, ಆಮೇಲೆ ಮುಖ್ಯ ತಂಡ. ಬಾಗಿಲ ಬಳಿ ಮೇಜು ಹಾಕಿಕೊಂಡು ತಟ್ಟೆಗಳನ್ನೂ ಅಂಗಿಗಳನ್ನೂ ಮಾರುತ್ತಾರೆ. ಮುಂದಿನ ಊರಿನ ಬಾಡಿಗೆ, ಪೆಟ್ರೋಲು ಅನೇಕ ವೇಳೆ ಈ ಮೇಜಿನಿಂದಲೇ ಹುಟ್ಟಬೇಕು. ಇಂಥ ಗದ್ದಲದ ಜಾಗವೊಂದರಲ್ಲಿ ಲಾರಾ ಗಿಬ್ಸನ್ ಎಂಬ ಮೆಲುದನಿಯ ಗಾಯಕಿಯ ಹಾಡು ಕೇಳಿಸದೆ ಬೇಸತ್ತವರು ಅಮೆರಿಕದ ಸಾರ್ವಜನಿಕ ರೇಡಿಯೋದ ಬಾಬ್ ಬಾಯ್ಲನ್ ಮತ್ತು ಅವರ ಸಹೋದ್ಯೋಗಿ. ನಮ್ಮ ಆಫೀಸಿಗೇ ಬಂದು ಹಾಡಬಾರದೆ ಎಂದು ಅವರು ಅವಳನ್ನು ಕರೆದರು. ೨೦೦೮ರಲ್ಲಿ ಬಾಯ್ಲನ್ನರ ಮೇಜಿನ ಬಳಿ ಅವಳು ಹಾಡಿದ್ದೇ ಮೊದಲಾಗಿ ‘ಟೈನಿ ಡೆಸ್ಕ್’ ಎಂಬ ಮಾಲಿಕೆ ಆರಂಭವಾಯಿತು. ಕಾರ್ಯಾಲಯಕ್ಕೂ ಸಂಗೀತಗೋಷ್ಠಿಗೂ ನಾವು ಕಚೇರಿ ಎಂಬ ಒಂದೇ ಶಬ್ದವನ್ನು ಬಳಸುತ್ತೇವೆ. ಅದು ಇಲ್ಲಿ ಎರಡರ್ಥದಲ್ಲಿಯೂ ಸಾರ್ಥಕವಾಯಿತು. ಇಂಡೀ ಸಂಗೀತದ ಪರಿಚಯ ಬೇಕೆನ್ನುವವರು ಅಲ್ಲಿಂದ ಆರಂಭಿಸಬಹುದು. ಒಂದೊಂದು ಕಚೇರಿ ಹದಿನೈದಿಪ್ಪತ್ತು ನಿಮಿಷದ್ದು, ಅಬ್ಬರವಿಲ್ಲ.

ನಮ್ಮ ನಾಡಿಗೂ ಈ ಗಾಳಿ ಬೀಸಿದೆ. ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡ ೧೯೯೬ರಿಂದ ಸ್ವಂತ ರಚನೆಗಳನ್ನು ಇಂಗ್ಲಿಷಿನಲ್ಲಿ ಹಾಡುತ್ತ ಬಂದಿದೆ. ರಘು ದೀಕ್ಷಿತ್ ಅವರ ತಂಡದ ಮೊದಲ ಮುದ್ರಿಕೆ ೨೦೦೮ರಲ್ಲಿ ಬಂದಿತು. ಶಿಶುನಾಳ ಶರೀಫರ ಪದಗಳು ಗಿಟಾರು ಡ್ರಮ್ಮುಗಳ ಜೊತೆಗೆ ಕುಳಿತುಕೊಂಡವು. ೨೦೧೧ರಲ್ಲಿ ಆ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿತು.

ಆದರೆ ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಾಗುತ್ತದೆ. ಇಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಹಾಡನ್ನು ಮುದ್ರಿಸಿ ಲೋಕಕ್ಕೆ ಕೇಳಿಸಬಹುದು. ಅದರಿಂದ ಊಟಕ್ಕಾಗುವುದೇ ಎಂಬುದು ಪ್ರಶ್ನೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಗೌರವಧನವಿಲ್ಲವೆಂಬ ನಿಯಮವನ್ನು ಸ್ಪಾಟಿಫೈ ೨೦೨೪ರಲ್ಲಿ ಜಾರಿಗೆ ತಂದಿತು. ಹೊಸಬರಿಗೆ ಸಿಗುತ್ತಿದ್ದ ಬಿಡಿಗಾಸೂ ಹೋಯಿತು. ಬ್ರಿಟನ್ನಿನ ಸಣ್ಣ ಸಭಾಂಗಣಗಳ ಸಂಘದ ಲೆಕ್ಕದಂತೆ ೨೦೨೩ ಒಂದೇ ವರ್ಷದಲ್ಲಿ ಅಂಥ ೧೨೫ ಸ್ಥಳಗಳಲ್ಲಿ ಕಚೇರಿಗಳು ನಿಂತವು. ಹಾಡು ಕಲಿಯುವವನು ಮೊದಲ ಸಲ ತಪ್ಪು ಮಾಡಿ ತಿದ್ದಿಕೊಳ್ಳುವ ಜಾಗಗಳು ಅವು. ಮಡಿಯೇ ಒಣಗಿದಮೇಲೆ ಗದ್ದೆಗೆ ನಾಟಿ ಎಲ್ಲಿಂದ ಬರಬೇಕು?

ಕೇಳುಗರು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೂ ನಿದರ್ಶನವಿದೆ. ಇಂಥ ಸಂಗೀತಕ್ಕೆ ಮೀಸಲಾಗಿ ಬಿ.ಬಿ.ಸಿ. ೨೦೦೨ರಲ್ಲಿ ‘ಸಿಕ್ಸ್ ಮ್ಯೂಸಿಕ್’ ಎಂಬ ನಿಲಯವನ್ನು ತೆರೆದಿತ್ತು. ೨೦೧೦ರ ಮಾರ್ಚಿನಲ್ಲಿ ಅದನ್ನು ಮುಚ್ಚುವ ಸಲಹೆ ಬಂದಿತು. ಶ್ರೋತೃಗಳು ಸುಮ್ಮನೆ ಕೂರಲಿಲ್ಲ. ಪತ್ರ ಬರೆದರು, ಸಹಿ ಸಂಗ್ರಹಿಸಿದರು, ಕಚೇರಿಯ ಮುಂದೆ ಬಂದು ನಿಂತರು. ಅದೇ ಜುಲೈಯಲ್ಲಿ ಆ ಸಲಹೆಯನ್ನು ತಳ್ಳಿಹಾಕಲಾಯಿತು, ನಿಲಯ ಉಳಿಯಿತು.

ದೊಡ್ಡ ಕಂಪನಿಯ ಹಾಡಿಗೆ ಪ್ರಚಾರದ ಬೆಂಬಲವಿರುತ್ತದೆ. ನಾವು ಹುಡುಕದಿದ್ದರೂ ಅದು ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಸ್ವತಂತ್ರ ಸಂಗೀತಗಾರನಿಗೆ ಕೇಳುಗನ ಕಿವಿಯೊಂದೇ ಆಸರೆ. ಮನೆಯ ಮಕ್ಕಳು ಪರಿಚಯವಿಲ್ಲದ ತಂಡದ ಹಾಡನ್ನು ಹಾಕಿಕೊಂಡಾಗ, ‘ಆರಿಸು ಅದನ್ನು’ ಎನ್ನುವ ಮೊದಲು ಹಿರಿಯರು ಒಂದು ಹಾಡನ್ನು ಪೂರ್ತಿಯಾಗಿ ಕೇಳಲಿ. ಅದು ಹಿಡಿಸದೆ ಹೋದರೆ ಕಳೆದುಕೊಂಡದ್ದು ನಾಲ್ಕು ನಿಮಿಷ. ಹಿಡಿಸಿದರೆ, ಹಾಡಿದವರ ಹೆಸರೇನೆಂದು ಮಕ್ಕಳನ್ನೇ ಕೇಳಿ ತಿಳಿದುಕೊಳ್ಳಲಿ. ಸಾಧ್ಯವಾದರೆ ಅವರ ಮುದ್ರಿಕೆಯನ್ನು ಹಣ ಕೊಟ್ಟು ಕೊಳ್ಳಲಿ.